ಮಸ್ಕಿ ಕಡೆಯ ಕುಂಬಾರರ ಮನೆ: ಮುಚ್ಚಳ ಸರಿಯಾಗಿ ಕೂರುವ ಗಡಿಗೆ, ನಾಲ್ಕು ಭಾನುವಾರದ ತಿಗರಿ ಕಲಿಕೆ

ಮೊದಲು ಮುಚ್ಚಳದ ವಿಷಯ ಹೇಳಿಬಿಡುತ್ತೇನೆ. ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು ಮೊಸರಿನ ಗಡಿಗೆ ತರಿಸಿದ್ದೆ. ಫೋಟೋದಲ್ಲಿ ಬಹಳ ಚಂದ ಇತ್ತು, ಮೈ ತುಂಬ ಬಳ್ಳಿ ಚಿತ್ತಾರ. ಮನೆಗೆ ಬಂದ ಮೇಲೆ ನೋಡಿದರೆ ಮುಚ್ಚಳ ಬಾಯಿಯ ಮೇಲೆ ಅಲ್ಲಾಡುತ್ತಿತ್ತು, ಒಂದು ಕಡೆ ಬೆರಳು ತೂರುವಷ್ಟು ಸಂದು. ಮೂರನೇ ದಿನ ಮೊಸರಿನ ತುಂಬ ಇರುವೆ. ನಮ್ಮ ಅತ್ತೆಯವರು ಅದನ್ನು ಎತ್ತಿ ತುಳಸಿ ಕಟ್ಟೆ ಹತ್ತಿರ ಇಟ್ಟರು, ಈಗ ಅದರಲ್ಲಿ ದೊಡ್ಡಪತ್ರೆ ಬೆಳೆಯುತ್ತಿದೆ.

ಆಮೇಲೆ ಅವರೇ ಈ ಕುಂಬಾರರ ಮನೆ ಹೇಳಿದ್ದು. ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ಸ್ವಲ್ಪ ನಡೆಯಬೇಕು. ಬೋರ್ಡು ಇಲ್ಲ, ಅಂಗಡಿ ಅಂತಲೂ ಇಲ್ಲ. ಮನೆ ಮುಂದೆ ಬೇವಿನ ಮರ, ಅದರ ಕೆಳಗೆ ಬೋರಲು ಹಾಕಿದ ನೀರಿನ ಹರವಿಗಳ ಸಾಲು, ಅದೇ ಗುರುತು. ಅಲ್ಲಿಂದ ತಂದ ಮೊಸರಿನ ಗಡಿಗೆಯ ಮುಚ್ಚಳ ಹೇಗೆ ಕೂರುತ್ತದೆ ಅಂದರೆ, ಎರಡು ಬೆರಳಲ್ಲಿ ಹಿಡಿದು ಸುತ್ತ ತಿರುಗಿಸಿದರೆ ಎಲ್ಲೂ ತಡೆಯುವುದಿಲ್ಲ, ಎಲ್ಲೂ ಸಡಿಲವೂ ಇಲ್ಲ. ಇದು ಹೇಗೆ ಸಾಧ್ಯ ಅಂತ ಕೇಳಿದ್ದಕ್ಕೆ ಯಜಮಾನರು, "ಕೇಳಿದ್ರ ತಿಳಿಯೂದಿಲ್ಲ ಯವ್ವಾ, ಬಂದು ಕೂಡು" ಅಂದರು. ಹಾಗೆ ಶುರುವಾದದ್ದು ನನ್ನ ನಾಲ್ಕು ಭಾನುವಾರ.

ಅವರು ಕಲಿಸುವುದಕ್ಕೆ ಒಂದು ಭಾನುವಾರಕ್ಕೆ 400 ರೂಪಾಯಿ ತೆಗೆದುಕೊಳ್ಳುತ್ತಾರೆ, ಮಣ್ಣು ಅದರಲ್ಲೇ ಬಂತು. ನಾವು ಮಾಡಿದ್ದನ್ನು ಆವಿಗೆಯಲ್ಲಿ ಸುಟ್ಟುಕೊಡಲು ಒಂದಕ್ಕೆ 30. ಒಂದು ಸಲಕ್ಕೆ ಇಬ್ಬರಿಗಿಂತ ಜಾಸ್ತಿ ಜನರನ್ನು ಕೂರಿಸಿಕೊಳ್ಳುವುದಿಲ್ಲ. ಎಷ್ಟು ಒಳ್ಳೆಯದು ಅಂದರೆ, ಅವರ ಕಣ್ಣು ಇಡೀ ಹೊತ್ತು ನಮ್ಮ ಕೈ ಮೇಲೇ ಇರುತ್ತದೆ.

ಮೊದಲ ಭಾನುವಾರ ತಿಗರಿ, ಅಂದರೆ ಗಡಿಗೆ ಮಾಡುವ ಚಕ್ರ, ಮುಟ್ಟಿಸಲೇ ಇಲ್ಲ. ಬರೀ ಮಣ್ಣು. ನಮ್ಮ ಕಡೆ ಎಲ್ಲಿ ನೋಡಿದರೂ ಕಪ್ಪು ಎರೆ ಹೊಲ, ಆದರೆ ಎರೆ ಮಣ್ಣೊಂದರಿಂದಲೇ ಪಾತ್ರೆ ಆಗುವುದಿಲ್ಲವಂತೆ. ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೊಲ ಬಿರಿದು ಕಾಲು ಸಿಗಿಬೀಳುವ ಹಾಗೆ ಆಗುತ್ತದಲ್ಲ, ಗಡಿಗೆಯೂ ಹಾಗೇ ಬಿರಿಯುತ್ತದೆ. ಅದಕ್ಕೆ ಇವರು ಕೆರೆಯ ಹೂಳಿನ ಮಣ್ಣು ತಂದು, ನೆನೆಸಿ, ಸೋಸಿ, ಸಣ್ಣ ಮರಳು ಸೇರಿಸಿ ತುಳಿಯುತ್ತಾರೆ. ಒಲೆ ಮೇಲೆ ಇಡುವ ಪಾತ್ರೆಗೆ ಮರಳು ಸ್ವಲ್ಪ ಜಾಸ್ತಿ. ಮರಳಿನ ಕಣ ಇದ್ದರೆ ಕಾವು ತಗುಲಿದಾಗ ಬಿರುಕು ಒಂದೇ ಸಮನೆ ಓಡುವುದಿಲ್ಲ, ನಡುವೆ ನಿಂತುಬಿಡುತ್ತದೆ.

ತುಳಿದ ಮೇಲೆ ಕೈಯಲ್ಲಿ ನಾದುವುದು. ದಿನಾ ರೊಟ್ಟಿ ಹಿಟ್ಟು ನಾದುವ ಕೈ ಇದು, ಬೇಗ ಬಂತು. ಆದರೆ ಹಿಟ್ಟಿನ ಹಾಗೆ ಮಡಚಿ ಮಡಚಿ ನಾದಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ ಅಂತ ತಡೆದರು. ಮುಂದಕ್ಕೆ ಒತ್ತಬೇಕು, ಎಳೆದುಕೊಳ್ಳಬೇಕು, ಮತ್ತೆ ಒತ್ತಬೇಕು. ಆಮೇಲೆ ದಾರ ಹಾಕಿ ಮುದ್ದೆಯನ್ನು ಎರಡು ಹೋಳು ಮಾಡಿ ತೋರಿಸಿದರು. ನನ್ನ ಮುದ್ದೆಯಲ್ಲಿ ಸಾಸಿವೆ ಕಾಳಿನಷ್ಟು ನಾಲ್ಕು ತೂತು. ಗಡಿಗೆಯ ಗೋಡೆ ಎಳೆಯುವಾಗ ಅಂಥ ಒಂದು ತೂತು ಬೆರಳಿಗೆ ಸಿಕ್ಕರೆ ಸಾಕು, ಗೋಡೆ ಓರೆಯಾಗುತ್ತದೆ. ಅವತ್ತು ಮಧ್ಯಾಹ್ನದವರೆಗೂ ಇದೇ ಕೆಲಸ.

ಎರಡನೇ ವಾರ ತಿಗರಿ. ಮನೆಯಲ್ಲಿ ಎರಡು ಇವೆ. ಮಗ ಕರೆಂಟಿನದ್ದು ಓಡಿಸುತ್ತಾನೆ, ಕಾಲಲ್ಲಿ ಒತ್ತಿದರೆ ವೇಗ ಜಾಸ್ತಿ ಕಮ್ಮಿ ಆಗುತ್ತದೆ. ಯಜಮಾನರದ್ದು ಹಳೆಯ ಭಾರದ ತಿಗರಿ, ಅಂಚಿನ ತೂತಿಗೆ ಕೋಲು ಚುಚ್ಚಿ ಗರಗರ ತಿರುಗಿಸಿ ಬಿಡುವಂಥದ್ದು. ಹೊಸಬರಿಗೆ ಕರೆಂಟಿನದ್ದೇ ಸುಲಭ, ನಾನೂ ಅದರಲ್ಲೇ ಕಲಿತೆ. ಆದರೆ ಹಳೆಯದರಲ್ಲಿ ಒಂದು ಚಂದ ಇದೆ, ನೋಡುತ್ತಾ ಕೂತಾಗ ಗೊತ್ತಾಯಿತು. ಮಣ್ಣನ್ನು ನಡುವಿಗೆ ತರುವಾಗ ವೇಗ ಬೇಕು, ಗೋಡೆ ಎತ್ತುವಾಗ ನಿಧಾನ ಬೇಕು, ಬಾಯಿ ತಿದ್ದುವಾಗ ಇನ್ನೂ ನಿಧಾನ. ಕೋಲಿನ ತಿಗರಿ ಮೊದಲು ಜೋರಾಗಿ ತಿರುಗಿ ತಾನಾಗಿಯೇ ಇಳಿಯುತ್ತಾ ಬರುತ್ತದೆ. ಅಂದರೆ ಕೆಲಸದ ಓಟವೂ ತಿಗರಿಯ ಓಟವೂ ಒಂದೇ. ಗಡಿಗೆ ಮುಗಿಯುವ ಹೊತ್ತಿಗೆ ತಿಗರಿಯೂ ನಿಲ್ಲುವ ಹಾಗೆ ಅವರು ಅಳತೆ ಮಾಡಿಕೊಂಡಿರುತ್ತಾರೆ, ನೋಡಲು ಎರಡು ಕಣ್ಣು ಸಾಲದು.

ನಡು ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ. ಕೈಯಲ್ಲಿ ಎಷ್ಟೇ ಬಲ ಇರಲಿ, ಮೊಣಕೈ ತೊಡೆಗೆ ಊರದಿದ್ದರೆ ಮಣ್ಣೇ ಕೈಯನ್ನು ಕುಣಿಸುತ್ತದೆ. "ಕೈ ಅಲ್ಲ, ಮೈ ಒತ್ತಬೇಕು. ಮಣ್ಣು ಸುಮ್ನಾತು ಅಂದ್ರ ನಿನಗ ತಿಳೀತದ" ಅಂದರು. ಸುಮ್ಮನಾದದ್ದು ನಿಜವಾಗಿ ಗೊತ್ತಾಗುತ್ತದೆ. ಕಣ್ಣು ಮುಚ್ಚಿದ್ದರೂ ಅಂಗೈಗೆ ತಿಳಿಯುತ್ತದೆ, ತಿರುಗುತ್ತಿದ್ದರೂ ನಿಂತಂತೆ ಇರುತ್ತದೆ. ಎರಡನೇ ವಾರದ ಕೊನೆಗೆ ಒಂದೇ ಒಂದು ಸಲ ಹಾಗಾಯಿತು. ಮನೆಗೆ ಬಂದ ಮೇಲೂ ಅಂಗೈಯಲ್ಲಿ ಅದೇ ಇತ್ತು.

ಇವರ ಕಲಿಕೆಯಲ್ಲಿ ನನಗೆ ಇಷ್ಟವಾದದ್ದು ಏನು ಅಂದರೆ, ಪ್ರತಿ ಹಂತಕ್ಕೂ ಅಡುಗೆಮನೆಯ ಕಾರಣ ಹೇಳುತ್ತಾರೆ. ಮಣ್ಣಿನ ನಡುವೆ ಹೆಬ್ಬೆರಳು ಇಳಿಸಿ ಬಾಯಿ ತೆರೆದ ಮೇಲೆ ತಳದ ದಪ್ಪ ನೋಡಲು ಒಂದು ಜಾಲಿ ಮುಳ್ಳು ಚುಚ್ಚುತ್ತಾರೆ. ಆಮೇಲೆ ತಳವನ್ನು ಅಂಚಿನಿಂದ ನಡುವಿಗೆ ಐದಾರು ಸಲ ಒತ್ತಿ ತರಬೇಕು. ಗೋಡೆಯ ಮಣ್ಣು ಎಳೆದಾಗ ಬಿಗಿಯಾಗುತ್ತದೆ, ತಳದ ಮಣ್ಣಿಗೆ ಯಾರೂ ಒತ್ತು ಕೊಟ್ಟಿರುವುದಿಲ್ಲ. ಒತ್ತದೆ ಬಿಟ್ಟರೆ ಒಣಗುವಾಗ ತಳದಲ್ಲಿ ಹಾವು ಮಲಗಿದ ಹಾಗೆ ಡೊಂಕು ಬಿರುಕು ಬರುತ್ತದೆ, ನೀರು ಹಾಕಿದ ದಿನ ಸೋರುತ್ತದೆ. ಒಳಗೆ ನಿಂತ ನೀರನ್ನೂ ಸ್ಪಂಜಿನಲ್ಲಿ ತೆಗೆಯಬೇಕು, ಅದೂ ತಳ ಹಾಳು ಮಾಡುತ್ತದೆ. ಬಾಯಿಯ ಅಂಚನ್ನು ಕಾಗದದಷ್ಟು ತೆಳ್ಳಗೆ ಎಳೆದರೆ ನೋಡಲು ನಾಜೂಕು, ಆದರೆ ಸೌಟು ತಗುಲಿದ ದಿನವೇ ಚೂರು ಹಾರುತ್ತದೆ. ಅದಕ್ಕೆ ಒದ್ದೆ ಬಟ್ಟೆಯ ಪಟ್ಟಿ ಹಿಡಿದು ಅಂಚನ್ನು ಗುಂಡಗೆ ಮಾಡುತ್ತಾರೆ.

ಈಗ ಮುಚ್ಚಳ. ಗಡಿಗೆಯ ಬಾಯಿಯನ್ನು ಸ್ವಲ್ಪ ದಪ್ಪ ಉಳಿಸಿ, ಒಳಗಿನ ಅರ್ಧವನ್ನು ಉಗುರಿನಿಂದ ಕೆಳಗೆ ಒತ್ತಿದರೆ ಒಂದು ಮೆಟ್ಟಿಲು ಆಗುತ್ತದೆ. ಮುಚ್ಚಳ ಕೂರುವುದು ಅದರ ಮೇಲೆ. ಜೋಳದ ದಂಟಿನ ಸಿಬಿರು ಮುರಿದು ಆ ಮೆಟ್ಟಿಲಿನ ಅಗಲ ಅಳೆಯುತ್ತಾರೆ, ಅದೇ ಸಿಬಿರಿನ ಅಳತೆಗೆ ಮುಚ್ಚಳ ಎತ್ತುತ್ತಾರೆ. ಗುಟ್ಟು ಇರುವುದು ಇಲ್ಲಿ: ಎರಡೂ ಒಂದೇ ಮುದ್ದೆಯ ಮಣ್ಣಿನಿಂದ, ಒಂದೇ ದಿನ ಆಗಬೇಕು. ಮಣ್ಣು ಒಣಗಿ ಸುಟ್ಟು ಬರುವಾಗ ಕುಗ್ಗುತ್ತದೆ. ಅವರು ತೋರಿಸಿದ ಹಾಗೆ 10 ಇಂಚಿನ ಹಸಿ ಪಟ್ಟಿ ಆವಿಗೆಯಿಂದ ಹೊರಗೆ ಬಂದಾಗ ಸುಮಾರು 9 ಇಂಚು. ಗಡಿಗೆ ಇವತ್ತಿನ ಮಣ್ಣು, ಮುಚ್ಚಳ ಹೋದ ವಾರದ್ದು ಆದರೆ ಕುಗ್ಗುವ ಲೆಕ್ಕವೇ ಬೇರೆ ಆಗುತ್ತದೆ. ಅರ್ಧ ಒಣಗಿದ ಮೇಲೆ ಮುಚ್ಚಳವನ್ನು ಗಡಿಗೆಯ ಮೇಲೆ ಇಟ್ಟೇ ಒಣಗಿಸುತ್ತಾರೆ. ಒಂದು ಡೊಂಕಾದರೆ ಇನ್ನೊಂದೂ ಅದರ ಜೊತೆ ಡೊಂಕಾಗಲಿ ಅಂತ. ಆನ್‌ಲೈನ್ ಗಡಿಗೆಯ ಮುಚ್ಚಳ ಯಾಕೆ ಅಲ್ಲಾಡುತ್ತಿತ್ತು ಅಂತ ಆವಾಗ ಅರ್ಥವಾಯಿತು.

ಮೂರನೇ ವಾರ ಯಜಮಾನರ ಹೆಂಡತಿಯ ಪಾಠ. ಅವರನ್ನು ಎಲ್ಲರೂ ಅವ್ವ ಅನ್ನುತ್ತಾರೆ. ನೀರಿನ ದುಂಡು ಹರವಿ ಪೂರ್ತಿ ತಿಗರಿಯ ಮೇಲೇ ಆಗುತ್ತದೆ ಅಂದುಕೊಂಡಿದ್ದೆ. ಅಲ್ಲ. ತಿಗರಿಯಲ್ಲಿ ಬಾಯಿ, ಕುತ್ತಿಗೆ ಮತ್ತು ದಪ್ಪ ಗೋಡೆ ಮಾತ್ರ ಆಗುತ್ತದೆ. ಸ್ವಲ್ಪ ಒಣಗಿದ ಮೇಲೆ ಒಳಗೆ ದುಂಡನೆಯ ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಬೆಳೆಸಿ ತಳ ಮುಚ್ಚುತ್ತಾರೆ. ಬೂದಿ ಸವರಿಕೊಂಡು ಅವ್ವ ತಟ್ಟುವ ಸದ್ದು ಇಡೀ ಓಣಿಗೆ ಕೇಳುತ್ತದೆ. ಪೆಟ್ಟು ಒಂದೇ ತೂಕ, ಗಡಿಗೆ ತೊಡೆಯ ಮೇಲೆ ತಾನೇ ತಿರುಗಿದಂತೆ ತಿರುಗುತ್ತದೆ. ನಾನು ತಟ್ಟಿದ ಜಾಗದಲ್ಲಿ ಗೋಡೆ ಒಳಗೆ ಹೋಯಿತು. ಅವರು ಏನೂ ಅನ್ನದೆ ನನ್ನ ಎಡಗೈ ಹಿಡಿದು ಕಲ್ಲನ್ನು ಸರಿಯಾಗಿ ಪೆಟ್ಟಿನ ಹಿಂದೆ ಇಟ್ಟರು.

ದುಂಡು ತಳಕ್ಕೆ ಮೂಲೆ ಇಲ್ಲ, ಅದಕ್ಕೆ ಒಲೆಯ ಕಾವಿಗೆ ಸುಲಭವಾಗಿ ಒಡೆಯುವುದಿಲ್ಲ. ಮೂರು ಕಲ್ಲಿನ ಒಲೆಗೆ, ಸಿಂಬಿಗೆ ಅದು ಸರಿ. ಗ್ಯಾಸಿನ ಮೇಲೆ ಮಾತ್ರ ನಿಲ್ಲುವುದಿಲ್ಲ. ಈಗ ಕೇಳಿದರೆ ತಳ ಸ್ವಲ್ಪ ಚಪ್ಪಟೆ, ಅಂಚು ದುಂಡಗೆ ಇರುವ ಗಡಿಗೆ ಮಾಡಿಕೊಡುತ್ತಾರೆ. ನಾನು ತಂದದ್ದು ಅದೇ, ಪುಂಡಿ ಪಲ್ಯಕ್ಕೆ. ತಂದ ದಿನ ನೀರಲ್ಲಿ ಮುಳುಗಿಸಿಟ್ಟು, ಮಾರನೇ ದಿನ ಗಂಜಿ ಕಾಯಿಸಿ ಆರಲು ಬಿಟ್ಟೆ, ಗಂಜಿ ಸಣ್ಣ ರಂಧ್ರಗಳನ್ನು ತುಂಬುತ್ತದೆ. ಸಣ್ಣ ಉರಿಯಲ್ಲೇ ಶುರು ಮಾಡಬೇಕು, ಬಿಸಿ ಗಡಿಗೆಗೆ ತಣ್ಣೀರು ಹಾಕಬಾರದು, ಸೋಪು ಮುಟ್ಟಿಸಬಾರದು. ಬೂದಿ, ತೆಂಗಿನ ನಾರು ಸಾಕು. ಐದು ತಿಂಗಳಾಯಿತು, ಬಿರುಕಿಲ್ಲ.

ಪುಂಡಿ ಅಂದಾಗ ಒಂದು ಮಾತು ಹೇಳಲೇಬೇಕು. ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಹಸಿರು, ನೀಲಿ ಮಿರಿಮಿರಿ ಹೊಳೆಯುವ ಪಾತ್ರೆ ಸಿಗುತ್ತವಲ್ಲ, ಆ ಹೊಳಪಿನ ಲೇಪದಲ್ಲಿ ಸೀಸ ಇದ್ದರೆ ಹುಣಸೆ, ಪುಂಡಿ, ಮೊಸರಿನಂಥ ಹುಳಿ ಅದನ್ನು ಬಿಡಿಸಿ ಊಟಕ್ಕೆ ಸೇರಿಸುತ್ತದೆ. ಯಾವ ಲೇಪ ಅಂತ ಮಾರುವವರಿಗೇ ಗೊತ್ತಿಲ್ಲದಿದ್ದರೆ ದಯವಿಟ್ಟು ಅದರಲ್ಲಿ ಅಡುಗೆ ಮಾಡಬೇಡಿ. ಇವರ ಪಾತ್ರೆಗೆ ಲೇಪವೇ ಇಲ್ಲ, ಹೊರಗೆ ಕೆಮ್ಮಣ್ಣು ಮಾತ್ರ.

ನೀರಿನ ಹರವಿಗೆ ನನ್ನಿಂದ ಪೂರ್ತಿ ಅಂಕ. ಬಯಲು ಆವಿಗೆಯಲ್ಲಿ ಕಾವು ಸುಮಾರು 700ರಿಂದ 900 ಡಿಗ್ರಿ, ಅಷ್ಟರಲ್ಲಿ ಮಣ್ಣು ಗಟ್ಟಿಯಾಗುತ್ತದೆ, ಆದರೆ ರಂಧ್ರ ಮುಚ್ಚುವುದಿಲ್ಲ. ಆ ರಂಧ್ರದಿಂದ ನೀರು ಜಿನುಗಿ ಆರುವಾಗ ಒಳಗಿನ ನೀರು ತಣ್ಣಗಾಗುತ್ತದೆ. ಪಿಂಗಾಣಿಯಂಥ ಪಾತ್ರೆಗಳನ್ನು 1200 ಡಿಗ್ರಿಗೂ ಮೇಲೆ ಸುಡುತ್ತಾರೆ, ಅವು ಜಿನುಗುವುದಿಲ್ಲ, ಹಾಗಾಗಿ ತಂಪೂ ಮಾಡುವುದಿಲ್ಲ. ನಮ್ಮ ರಾಯಚೂರಿನ ಬಿಸಿಲು ಒಣ ಬಿಸಿಲು, ಬೇಗ ಆರುತ್ತದೆ, ಅದಕ್ಕೇ ಹರವಿ ಇಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಮೇ ತಿಂಗಳಲ್ಲಿ ಫ್ರಿಜ್ಜಿನ ನೀರು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ತತ್ರಾಣಿಯೂ ತಂದೆ, ಹೊಲಕ್ಕೆ ನೀರು ಒಯ್ಯಲು, ಮೂತಿ ಇರುವ ಮಣ್ಣಿನ ಪಾತ್ರೆ ಅದು. ಅದರ ಮೂತಿ ನೋಡಿ. ತುದಿ ಚೂಪಾಗಿದೆ, ಸ್ವಲ್ಪ ಕೆಳಗೆ ಬಾಗಿದೆ. ಹತ್ತು ಲೋಟ ಬಗ್ಗಿಸಿದೆ, ಒಂದು ಹನಿಯೂ ಹೊಟ್ಟೆಯ ಮೇಲೆ ಇಳಿಯಲಿಲ್ಲ. ಬಾಯಿಯ ಅಂಚು ಗುಂಡಗೆ ಇರಬೇಕು, ಮೂತಿಯ ತುದಿ ಚೂಪಾಗಿರಬೇಕು. ಗುಂಡಗಿದ್ದರೆ ನೀರು ಅದನ್ನೇ ಹಿಡಿದುಕೊಂಡು ಕೆಳಗೆ ಹರಿಯುತ್ತದೆ.

ಚೆನ್ನಾಗಿಲ್ಲದ್ದೂ ಹೇಳಬೇಕು. ಹಿಡಿ ಇರುವ ಚಹಾ ಕಪ್ಪು ತೆಗೆದುಕೊಳ್ಳಬೇಡಿ. ಹಿಡಿ ದಪ್ಪ, ಎರಡು ಬೆರಳು ಹೋಗುವುದಿಲ್ಲ. ನಾನು ತಂದ ನಾಲ್ಕರಲ್ಲಿ ಒಂದರ ಹಿಡಿ ಬುಡದಲ್ಲೇ ಬಿಟ್ಟಿತು. ಕಪ್ಪು ಜಾಸ್ತಿ ಒಣಗಿದ ಮೇಲೆ ಹಸಿ ಹಿಡಿ ಅಂಟಿಸಿದರೆ ಹೀಗಾಗುತ್ತದೆ, ಎರಡೂ ಒಂದೇ ಹದದಲ್ಲಿ ಇರಬೇಕು, ಅಂಟಿಸುವ ಜಾಗ ಗೀರಿ ನೀರಲ್ಲಿ ಕಲಸಿದ ತೆಳು ಮಣ್ಣು ಹಚ್ಚಬೇಕು. ಇದು ಮಗನ ಕೆಲಸ, ಹೊಸದಾಗಿ ಶುರು ಮಾಡಿದ್ದಾನೆ. ಹೇಳಿದೆ, ಬೇಜಾರು ಮಾಡಿಕೊಳ್ಳಲಿಲ್ಲ, ಮುರಿದ ಕಪ್ಪು ವಾಪಸ್ ಇಟ್ಟುಕೊಂಡು ದುಡ್ಡು ಕೊಟ್ಟ. ಇನ್ನೊಂದು, ಕಟ್ಟಿಕೊಡಲು ಅವರ ಹತ್ತಿರ ಏನೂ ಇಲ್ಲ. ಹಳೇ ಸೀರೆ, ಹುಲ್ಲು ನೀವೇ ಒಯ್ಯಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಬಸ್ಸಿನ ಒಂದು ಹಂಪಿಗೆ ನಾನು ಮಾಡಿದ ಮೊದಲ ಬೋಗುಣಿ ಹೋಯಿತು. ಬಹಳ ಹೊಟ್ಟೆ ಉರಿಯಿತು. ಆವಿಗೆ ತುಂಬುವವರೆಗೆ ಸುಡುವುದಿಲ್ಲ, ಅದಕ್ಕೂ ಕಾಯಬೇಕು. ನನ್ನವು 12 ದಿನ ಕಾದವು.

ಸುಟ್ಟ ದಿನ ನಾನೂ ಹೋಗಿದ್ದೆ. ಒಂದು ಕುಡಿಕೆ ಬೋರಲಾಗಿ ಬೂದಿಯಲ್ಲಿ ಹೂತುಹೋಗಿತ್ತು, ಬಾಯಿ ಮತ್ತು ಒಳಗೆಲ್ಲ ಕಪ್ಪು, ಹೊರಗೆ ಕೆಂಪು. ಗಾಳಿ ಸಿಗದ ಕಡೆ ಕಪ್ಪು, ಸಿಕ್ಕ ಕಡೆ ಕೆಂಪು. ಅದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿ ಇದೇ ಅಲ್ವಾ, 1954ರಲ್ಲಿ ಅಲ್ಲಿ ಅಗೆದಾಗ ಬೃಹತ್ ಶಿಲಾಯುಗದ ಜನರ ಇಂಥವೇ ಕಪ್ಪು-ಕೆಂಪು ಪಾತ್ರೆಗಳು ಸಿಕ್ಕಿದ್ದವು. ಯಜಮಾನರಿಗೆ ಹೇಳಿದೆ. ಕುಡಿಕೆಯನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳಿ, "ಚಲೋ ಸುಟ್ಟದ" ಅಂದು ನನಗೇ ಕೊಟ್ಟರು.

ಬೆಲೆ: ಹರವಿ 250, ಮುಚ್ಚಳದ ಮೊಸರಿನ ಗಡಿಗೆ 180, ತತ್ರಾಣಿ 300. ಚೌಕಾಸಿ ಮಾಡಬೇಡಿ, ಒಂದು ಹರವಿಗೆ ಅವ್ವ ಎಷ್ಟು ಪೆಟ್ಟು ಹಾಕುತ್ತಾರೆ ಅಂತ ಒಮ್ಮೆ ಕೂತು ಎಣಿಸಿ. ಮಳೆಗಾಲದಲ್ಲಿ ಹೋಗಬೇಡಿ, ಒಣಗುವುದೂ ಇಲ್ಲ, ಆವಿಗೆಯೂ ಹೊತ್ತುವುದಿಲ್ಲ. ದೀಪಾವಳಿಗೆ ಮುಂಚೆ ಮನೆ ತುಂಬ ಪಣತಿ ಕೆಲಸ, ಕಲಿಸಲು ಪುರುಸೊತ್ತಿಲ್ಲ. ದೀಪಾವಳಿ ಮುಗಿದ ಮೇಲೆ ಹೋಗಿ.

ನಾಲ್ಕನೇ ವಾರ ನಾನೇ ಎತ್ತಿದ ಒಂದು ಗಡಿಗೆಗೆ ನಾನೇ ಮುಚ್ಚಳ ಮಾಡಿದೆ. ನಿನ್ನೆ ರಾತ್ರಿ ಅದರಲ್ಲಿ ಹೆಪ್ಪು ಹಾಕಿದ್ದೆ, ಬೆಳಿಗ್ಗೆ ಚಮಚ ನಿಲ್ಲುವ ಹಾಗೆ ಮೊಸರು. ಮುಚ್ಚಳ ಕೂರುತ್ತದೆ, ಇರುವೆ ಹೋಗುವಷ್ಟು ಸಂದಿಲ್ಲ. ತಿರುಗಿಸಿದಾಗ ಮಾತ್ರ ಒಂದು ಕಡೆ ತಡೆಯುತ್ತದೆ. ಬರುವ ಭಾನುವಾರ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ಹೋಗಿ, ಎಲ್ಲಿ ತಪ್ಪಿತು ಅಂತ ಕೇಳಬೇಕು.