ಶಿಂಜುಕುವಿನಲ್ಲಿ ಬೀದಿಯಲ್ಲಿ ಕರೆದವರ ಹಿಂದೆ ಹೋಗಬೇಡಿ

ಕಂಪನಿ ಕೆಲಸಕ್ಕೆ ಅಂತ ಬೆಂಗಳೂರಿನಿಂದ ಟೋಕಿಯೊಗೆ ಬರುವವರು ಒಂದಲ್ಲ ಒಂದು ಶುಕ್ರವಾರ ರಾತ್ರಿ ಶಿಂಜುಕುವಿಗೆ ಹೋಗೇ ಹೋಗುತ್ತಾರೆ. ಹೋಗಬೇಡಿ ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ನಾನು ಟೋಕಿಯೊದಲ್ಲೇ, ನಿಶಿಕಸಾಯ್‌ನಲ್ಲಿ ಇರುವವನು, ಇಲ್ಲಿನ ಸಣ್ಣ ಸಣ್ಣ ಬಾರುಗಳೆಂದರೆ ನನಗೆ ನಿಜವಾಗಿ ಇಷ್ಟ. ಆದರೆ ಕಳೆದ ಚಳಿಗಾಲದಲ್ಲಿ ನಮ್ಮ ಮೂವರಿಗೆ ಶಿಂಜುಕುವಿನ ಬಾರುಗಳ ಬಡಾವಣೆ ಕಾಬುಕಿಚೊದಲ್ಲಿ ಏನಾಯಿತು ಅನ್ನುವುದನ್ನು ತಿಳಿದುಕೊಂಡು ಹೋಗಿ.

ಜೊತೆಗಿದ್ದವರು ನಮ್ಮ ಬೆಂಗಳೂರು ಆಫೀಸಿನ ಇಬ್ಬರು ಹುಡುಗರು. ಇಬ್ಬರಿಗೂ ಅದೇ ಮೊದಲ ವಿದೇಶ ಪ್ರಯಾಣ. ಮೊದಲು ಶಿಂಜುಕು ನಿಲ್ದಾಣದ ಪಕ್ಕದ ಒಮೊಯಿದೆ ಯೊಕೊಚೊಗೆ ಹೋದೆವು. ಇದ್ದಿಲ ಹೊಗೆ ತುಂಬಿದ ಕಿರಿದಾದ ಗಲ್ಲಿ, ಭುಜಕ್ಕೆ ಭುಜ ತಾಗಿಸಿಕೊಂಡು ಕೂರುವ ಅಂಗಡಿಗಳು. ಒಬ್ಬ ಹುಡುಗ ಸಸ್ಯಾಹಾರಿ. ಅವನಿಗೆ ಸುಟ್ಟ ಮೆಣಸಿನಕಾಯಿ, ಉಪ್ಪು ಹಾಕಿ ಬೇಯಿಸಿದ ಎಳೆ ಸೋಯಾ ಕಾಯಿ ಸಿಕ್ಕಿತು. ಅಲ್ಲಿಂದ ಗೋಲ್ಡನ್ ಗಾಯ್. ಆರು ಓಣಿಗಳಲ್ಲಿ 200ಕ್ಕೂ ಹೆಚ್ಚು ಬಾರುಗಳಿರುವ ಜಾಗ ಅದು. ಒಂದೊಂದರಲ್ಲಿ ಎಂಟು ಹತ್ತು ಜನ ಕೂತರೆ ತುಂಬಿಹೋಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹೊಸಬರು ಎಷ್ಟೋ ಸಲ ನ್ಯಾಯವಾದ ಬಾರಿನವರ ಜೊತೆಗೇ ಜಗಳ ಆಡುತ್ತಾರೆ. ಜಪಾನಿನ ಇಜಕಾಯಾದಲ್ಲಿ, ಅಂದರೆ ಕುಡಿಯುವುದರ ಜೊತೆ ತಿನ್ನುವುದಕ್ಕೂ ಸಿಗುವ ಅಂಗಡಿಯಲ್ಲಿ, ಕೂತ ಕೂಡಲೇ ನೀವು ಕೇಳದಿದ್ದರೂ ಪುಟ್ಟ ಬಟ್ಟಲಲ್ಲಿ ಏನಾದರೂ ತಂದಿಡುತ್ತಾರೆ. ಅದು ಒತೊಶಿ. ಬಿಲ್ಲಿನಲ್ಲಿ ಅದಕ್ಕೆ ತಲೆಗೆ 300ರಿಂದ 500 ಯೆನ್ ಸೇರುತ್ತದೆ. ಬೇಡ ಅಂದರೂ ಸಾಮಾನ್ಯವಾಗಿ ತೆಗೆಯುವುದಿಲ್ಲ, ಅದು ಕೂತ ಜಾಗದ ದುಡ್ಡು. (ಸಸ್ಯಾಹಾರಿಗಳೇ, ನೋಡಲು ಬರೀ ತರಕಾರಿ ಇದ್ದರೂ ಅದರಲ್ಲಿ ಮೀನಿನ ಸಾರು ಇರಬಹುದು, ಕೇಳಿ ತಿನ್ನಿ.) ಗೋಲ್ಡನ್ ಗಾಯ್‌ನಲ್ಲಿ ಅನೇಕ ಬಾರುಗಳು ಒಳಗೆ ಬಂದವರಿಂದ ತಲೆಗೆ 500ರಿಂದ 1,000 ಯೆನ್ ತೆಗೆದುಕೊಳ್ಳುತ್ತವೆ. ಅದನ್ನು ಬಾಗಿಲಲ್ಲೇ ಬರೆದು ಹಾಕಿರುತ್ತಾರೆ. ಇದ್ಯಾವುದೂ ಮೋಸ ಅಲ್ಲ. ಮೊದಲೇ ಕಣ್ಣಿಗೆ ಕಾಣುವ ಲೆಕ್ಕ, ಒಪ್ಪಿದರೆ ಒಳಗೆ ಹೋಗುತ್ತೀರಿ. ನಾವು ಅಲ್ಲಿ ಕೂತ ಬಾರಿನ ಅಜ್ಜಿಯಂತೂ ಹುಡುಗರನ್ನು ಅಷ್ಟು ಅಕ್ಕರೆಯಿಂದ ಮಾತಾಡಿಸಿದರು.

ಹತ್ತೂವರೆ ಆಗಿತ್ತು. ಕೊನೆಯ ರೈಲಿಗೆ ಇನ್ನೂ ಸಮಯ ಇತ್ತು. ಹುಡುಗರಿಗೆ ಕಾಬುಕಿಚೊದ ಕೆಂಪು ದೀಪದ ಕಮಾನು, ಕಟ್ಟಡದ ಮೇಲಿನ ಗಾಡ್ಜಿಲಾ ತಲೆ ನೋಡಬೇಕಿತ್ತು. ನೋಡಿಕೊಂಡು, ಎಲ್ಲರಿಗೂ ಗೊತ್ತಿರುವ ಒಂದು ದೊಡ್ಡ ಇಜಕಾಯಾ ಮುಂದೆ ನಿಂತು ಬೋರ್ಡು ಓದುತ್ತಿದ್ದೆವು. ಆಗ ಒಬ್ಬ ಬಂದ. ಕಪ್ಪು ಕೋಟು, ಕೈಯಲ್ಲಿ ಅದೇ ಅಂಗಡಿಯ ಮೆನುವಿನ ಥರದ ಹಾಳೆ. ತಲೆ ಬಾಗಿಸಿ, ಇಲ್ಲಿ ಜಾಗ ತುಂಬಿದೆ, ನಮ್ಮದೇ ಇನ್ನೊಂದು ಶಾಖೆ ಪಕ್ಕದ ಕಟ್ಟಡದಲ್ಲಿದೆ, ಅದೇ ರೇಟು, ಒಂದು ಗಂಟೆ ಎಷ್ಟು ಬೇಕಾದರೂ ಕುಡಿಯಬಹುದು, ತಲೆಗೆ 3,000 ಯೆನ್ ಅಂದ. ಮೆಜೆಸ್ಟಿಕ್‌ನಲ್ಲಿ ಲಾಡ್ಜ್ ಬೇಕಾ ಸಾರ್ ಅಂತ ಬೆನ್ನು ಹತ್ತುವವರನ್ನು ನಾವು ದೂರದಿಂದಲೇ ಗುರುತಿಸುತ್ತೇವೆ. ಇವನು ಹಾಗಿರಲಿಲ್ಲ. ಅಂಗಡಿಯ ಕೆಲಸಗಾರನ ಹಾಗೆಯೇ ಇದ್ದ. ಇದು ಇಲ್ಲಿ ಹಳೆಯ ತಂತ್ರ. ಹೆಸರಿರುವ ಅಂಗಡಿಯವರು ಅಂತ ಹೇಳಿಕೊಳ್ಳುವುದು, ಜಾಗ ಇಲ್ಲ ಅಂತ ಸುಳ್ಳು ಹೇಳುವುದು, ಬೇರೆ ಕಡೆ ಕರೆದುಕೊಂಡು ಹೋಗುವುದು. ನಾವು ನಿಂತಿದ್ದ ಇಜಕಾಯಾದಲ್ಲಿ ಆ ಹೊತ್ತಿಗೆ ಎಷ್ಟೋ ಮೇಜು ಖಾಲಿ ಇದ್ದವು ಅಂತ ಆಮೇಲೆ ಗೊತ್ತಾಯಿತು.

ಲಿಫ್ಟು ಆರನೇ ಮಹಡಿಯಲ್ಲಿ ನೇರವಾಗಿ ಬಾರಿನ ಒಳಗೇ ತೆರೆಯಿತು. ಹೊರಗೆ ಬೋರ್ಡು ಇಲ್ಲ, ಕಿಟಕಿ ಇಲ್ಲ, ಬೇರೆ ಗಿರಾಕಿಗಳು ಇಲ್ಲ. ನಾವು ಕರೆಯದೆಯೇ ಇಬ್ಬರು ಹೆಂಗಸರು ಬಂದು ಮೇಜಿಗೆ ಕೂತರು. ನಾವೂ ಒಂದು ತಗೊಳ್ಳಬಹುದಾ ಅಂತ ಕೇಳಿದರು. ಹುಡುಗರು ಮರ್ಯಾದೆಗೆ ಹೂಂ ಅಂದರು.

ಒಂದು ಗಂಟೆಗೂ ಮೊದಲೇ ನಾನು ಬಿಲ್ ಕೇಳಿದೆ. ಬಂದ ಚೀಟಿಯಲ್ಲಿ 1,92,000 ಯೆನ್. ನಮ್ಮ ದುಡ್ಡಿನಲ್ಲಿ ಒಂದು ಲಕ್ಷ ರೂಪಾಯಿಗೂ ಮೇಲೆ. 3,000 ಅನ್ನುವುದು ಅದರಲ್ಲಿ ಇತ್ತು, ಸುಳ್ಳಾಗಿರಲಿಲ್ಲ. ಅದರ ಕೆಳಗೆ ಕೂತಿದ್ದಕ್ಕೆ ಬೇರೆ, ಐಸಿಗೆ ಬೇರೆ, ವಾರಾಂತ್ಯಕ್ಕೆ ಬೇರೆ, ಆ ಹೆಂಗಸರು ಕುಡಿದ ಒಂದೊಂದು ಲೋಟಕ್ಕೆ ಸಾವಿರಾರು ಯೆನ್, ಇಷ್ಟೂ ಸೇರಿಸಿದ ಮೇಲೆ ಸೇವಾ ಶುಲ್ಕ. ಮೆನುವಿನ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಇದೆ ನೋಡಿ ಅಂತ ತೋರಿಸಿದರು. ಎದ್ದು ನಿಂತರೆ ಲಿಫ್ಟಿನ ಮುಂದೆ ಇಬ್ಬರು ಗಂಡಸರು ಅಡ್ಡ ನಿಂತಿದ್ದರು. ಯಾರೂ ಕೈ ಮಾಡಲಿಲ್ಲ, ಕೂಗಲಿಲ್ಲ. ಸುಮ್ನೆ ನಿಂತಿದ್ದರು. ಅದೇ ಸಾಕಾಗಿತ್ತು. ಚಿಕ್ಕ ಹುಡುಗನ ಕೈ ನಡುಗುತ್ತಿತ್ತು. "ಅಣ್ಣಾ, ಕೊಟ್ಟು ಹೋಗೋಣ, ಏನಾದ್ರೂ ಆದ್ರೆ ವೀಸಾಗೆ ತೊಂದ್ರೆ ಆಗುತ್ತೆ" ಅಂದ. ನಾನು ಮ್ಯಾನೇಜರ್ ಜೊತೆ ಮಾತಾಡುತ್ತಿರುವಾಗಲೇ ಬಾರಿನವರು ಅವನನ್ನು ಪಕ್ಕಕ್ಕೆ ಕರೆದು ಕಾರ್ಡಿನ ಮಷೀನು ಮುಂದಿಟ್ಟರು. ಅವನು ಹೆದರಿ ಪಿನ್ ಒತ್ತಿದ. 80,000 ಯೆನ್ ಹೋಯಿತು.

ನಾನು 110ಕ್ಕೆ, ಅಂದರೆ ಇಲ್ಲಿನ ಪೊಲೀಸರ ನಂಬರಿಗೆ, ಫೋನ್ ಮಾಡಿದೆ. ಮಾಡಿ ಮಾಡಿ, ಪೊಲೀಸರು ಬಂದರೂ ಏನೂ ಆಗಲ್ಲ ಅಂತ ಮ್ಯಾನೇಜರ್ ಆರಾಮಾಗಿ ಹೇಳಿದ. ಪೊಲೀಸರು ಬಂದರು. ಎಷ್ಟು ಕೊಡಬೇಕು ಅನ್ನುವುದನ್ನು ನಾವು ತೀರ್ಮಾನ ಮಾಡಲು ಬರುವುದಿಲ್ಲ, ನೀವಿಬ್ಬರೂ ಮಾತಾಡಿಕೊಳ್ಳಿ ಅಂದಿದ್ದು ನಿಜ. ಆದರೆ ಅವರು ಬಂದ ಕೂಡಲೇ ಲಿಫ್ಟಿನ ಮುಂದಿದ್ದವರು ಸರಿದರು. ಮಾತು ರಸ್ತೆಗೆ ಇಳಿಯಿತು, ಬೆಳಕಿಗೆ ಬಂತು. ಟೋಕಿಯೊದಲ್ಲಿ 2000ನೇ ಇಸವಿಯಲ್ಲೇ ಇದಕ್ಕಾಗಿ ಒಂದು ನಿಯಮ ಬಂದಿದೆ. ಇಂಥ ಬಾರುಗಳು ದರವನ್ನು ಕಾಣುವ ಹಾಗೆ ಹಾಕಬೇಕು, ಹೆದರಿಸಿ ವಸೂಲಿ ಮಾಡಬಾರದು. ನಾನು ಅದನ್ನೇ ಹಿಡಿದು ಮಾತಾಡಿದೆ. ಕೊನೆಗೆ ಉಳಿದ ಬಾಕಿ ಬೇಡ ಅಂತ ಮ್ಯಾನೇಜರ್ ಹೋದ. ಹೋಗಿದ್ದ 80,000 ಮಾತ್ರ ಬರಲಿಲ್ಲ. ಪಿನ್ ನೀವೇ ಒತ್ತಿದ್ದೀರಿ, ಹಾಗಾಗಿ ಇದು ನಿಮ್ಮ ಒಪ್ಪಿಗೆಯ ಖರ್ಚು ಅಂತ ಬ್ಯಾಂಕಿನವರು ತಿಂಗಳುಗಟ್ಟಲೆ ಕಾಯಿಸಿ ಉತ್ತರ ಕೊಟ್ಟರು. ಸಂಬಳದಲ್ಲಿ ಉಳಿಸಿ ಮನೆಗೆ ಕಳಿಸಬೇಕು ಅಂದುಕೊಂಡಿದ್ದ ದುಡ್ಡು ಅದು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕರೆಯುವವರ ಹಿಂದೆ ಹೋಗಬೇಡಿ ಅಂತ ಕಾಬುಕಿಚೊದಲ್ಲಿ ಸಂಜೆಯಿಂದ ಧ್ವನಿವರ್ಧಕದಲ್ಲಿ ಹೇಳುತ್ತಲೇ ಇರುತ್ತಾರೆ. ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಬೀದಿಯಲ್ಲಿ ಹೀಗೆ ಗಿರಾಕಿ ಹಿಡಿಯಬಾರದು ಅಂತ ಶಿಂಜುಕು ವಾರ್ಡು 2013ರಲ್ಲೇ ನಿಯಮ ಮಾಡಿದೆ. ಅಂದರೆ ನಿಮ್ಮನ್ನು ಅಲ್ಲಿ ಬೀದಿಯಲ್ಲಿ ಕರೆಯುವವನು ಆಗಲೇ ಒಂದು ನಿಯಮ ಮುರಿದವನು. ಅವನು ಎಷ್ಟು ವಿನಯದಿಂದ ಮಾತಾಡಿದರೂ ನಿಲ್ಲಬೇಡಿ, ಉತ್ತರವನ್ನೂ ಕೊಡಬೇಡಿ. ಜಾಗ ಇದೆಯಾ ಇಲ್ಲವಾ ಅಂತ ಅಂಗಡಿಯ ಒಳಗೆ ಹೋಗಿ ನೀವೇ ಕೇಳಿ. ಒಸಾಕಾದ ಮಿನಾಮಿ, ಸಪ್ಪೊರೊದ ಸುಸುಕಿನೊ, ಫುಕುವೊಕಾದ ನಕಾಸು ಕಡೆ ಹೋಗುವವರಿಗೂ ಇದೇ ಮಾತು.

ದುಡ್ಡಿಗಿಂತ ದೊಡ್ಡ ಅಪಾಯವೂ ಇದೆ. ಟೋಕಿಯೊದ ರೊಪ್ಪೊಂಗಿ, ಕಾಬುಕಿಚೊ ಬಾರುಗಳಲ್ಲಿ ಕುಡಿಯುವುದಕ್ಕೆ ಏನೋ ಬೆರೆಸಿ, ಪ್ರಜ್ಞೆ ತಪ್ಪಿಸಿ, ಕಾರ್ಡಿನಿಂದ ದುಡ್ಡು ಎಳೆದ ಪ್ರಕರಣಗಳ ಬಗ್ಗೆ ಅಮೆರಿಕದ ರಾಯಭಾರ ಕಚೇರಿ ತನ್ನವರಿಗೆ ಎಚ್ಚರಿಕೆ ಕೊಟ್ಟಿದೆ. ಶೌಚಾಲಯಕ್ಕೆ ಎದ್ದು ಹೋದರೆ ವಾಪಸ್ ಬಂದು ಅದೇ ಲೋಟ ಮುಟ್ಟಬೇಡಿ. ಒಬ್ಬರೇ ಹೋಗಬೇಡಿ.

ಸಿಕ್ಕಿಹಾಕಿಕೊಂಡರೆ ಕಾರ್ಡು ಕೈಯಿಂದ ಬಿಡಬೇಡಿ, ಪಿನ್ ಒತ್ತಬೇಡಿ, ಎಟಿಎಂಗೆ ಜೊತೆಗೆ ಬರುತ್ತೇವೆ ಅಂದರೆ ಒಪ್ಪಬೇಡಿ. 110ಕ್ಕೆ ಕರೆ ಮಾಡಿ, ಜಪಾನೀಸ್ ಬರದಿದ್ದರೆ ದುಭಾಷಿಯನ್ನು ಲೈನಿಗೆ ಸೇರಿಸುತ್ತಾರೆ. ಆದರೆ ಪ್ರವಾಸಿಗರು ಕೊಳ್ಳುವ ಎಷ್ಟೋ ಇ-ಸಿಮ್‌ಗಳಲ್ಲಿ ಬರೀ ಇಂಟರ್ನೆಟ್ ಇರುತ್ತದೆ, ಅದರಿಂದ 110ಕ್ಕೆ ಕರೆ ಹೋಗುವುದಿಲ್ಲ. ಹಾಗಿದ್ದರೆ ಕೋಬಾನ್‌ಗೆ, ಅಂದರೆ ಬೀದಿಯ ಪೊಲೀಸ್ ಚೌಕಿಗೆ, ಹೋಗಿ ಮಾತಾಡೋಣ ಬನ್ನಿ ಅಂತ ಬಾರಿನವರಿಗೆ ಪದೇ ಪದೇ ಹೇಳಿ. ಕಾಬುಕಿಚೊ ಒಳಗೇ ಒಂದಿದೆ, ಶಿಂಜುಕು ನಿಲ್ದಾಣದ ಪೂರ್ವ ದ್ವಾರದ ಹತ್ತಿರ ಇನ್ನೊಂದಿದೆ. ಎರಡೂ ಎಲ್ಲಿವೆ ಅಂತ ಹೊರಡುವ ಮೊದಲೇ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳಿ.

ಇನ್ನೊಂದು ಕೆಲಸ ಬೆಂಗಳೂರಿನಲ್ಲೇ ಮಾಡಬಹುದು. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಕಾರ್ಡಿನ ವಿದೇಶಿ ಬಳಕೆಯನ್ನು ನೀವೇ ಆನ್, ಆಫ್ ಮಾಡಬಹುದು, ಮಿತಿಯನ್ನೂ ಹಾಕಬಹುದು. ಬ್ಯಾಂಕಿನ ಆ್ಯಪ್‌ನಲ್ಲೇ ಅದು ಇರುತ್ತದೆ. ಆ ಹುಡುಗನ ಕಾರ್ಡಿನಲ್ಲಿ ಮಿತಿ ಪೂರ್ತಿ ತೆರೆದೇ ಇತ್ತು. ರಾತ್ರಿ ಸುತ್ತಲು ಹೋಗುವ ದಿನ ಅದನ್ನು ಹತ್ತು ಸಾವಿರ ರೂಪಾಯಿಗೆ ಇಳಿಸಿ ಹೋಗಿ.