ನಿಯಮ ಹಳತಾದರೂ ಕೈಬಿಡದ ಕೋಡೆಕ್ಸ್‌ಗಳು: ಚಿಕ್ಕಮಗಳೂರಿನಿಂದ ಒಂದು ಬಳಕೆದಾರರ ವಿಮರ್ಶೆ

ವಾರ್‌ಹ್ಯಾಮರ್ 40,000 ಅನ್ನುವ ಮೇಜಿನ ಮೇಲಿನ ಯುದ್ಧದಾಟ ಆಡುವವರಲ್ಲಿ ಗೊಂಬೆಗಳಿಗಿಂತ ಪುಸ್ತಕಗಳ ಬಗ್ಗೆ ವಾದ ಜಾಸ್ತಿ. ಒಳ್ಳೆಯ ಕೋಡೆಕ್ಸ್ (ಒಂದೊಂದು ಸೇನೆಯ ಪುಸ್ತಕ) ಯಾವುದು ಅಂತ ಕೇಳಿದರೆ, ಹೆಚ್ಚಿನವರು ಹೇಳುವುದು ಈಗ ಯಾವ ಸೇನೆ ಗೆಲ್ಲುತ್ತಿದೆ ಅನ್ನುವುದನ್ನು. ಅದು ಆರು ತಿಂಗಳಲ್ಲಿ ಬದಲಾಗುವ ಉತ್ತರ. ನಾನು ಕಾಲೇಜು ದಿನಗಳಿಂದ ಇವನ್ನು ಕೊಳ್ಳುತ್ತ, ಓದುತ್ತ, ಮಳೆಗಾಲದ ಬೂಷ್ಟಿನಿಂದ ಕಾಪಾಡಿಕೊಳ್ಳುತ್ತ ಬಂದಿದ್ದೇನೆ. ನನ್ನ ಪರೀಕ್ಷೆ ಒಂದೇ. ಒಳಗಿರುವ ನಿಯಮ ಚಲಾವಣೆಯಲ್ಲಿ ಇಲ್ಲದಿದ್ದರೂ ಪುಸ್ತಕ ಕೈಗೆ ಸಿಕ್ಕಾಗ ಓದಿಸಿಕೊಂಡು ಹೋಗುತ್ತದೆಯೇ? ಹೌದಾದರೆ ಕೊಟ್ಟ ದುಡ್ಡು ಸಾರ್ಥಕ.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಇದನ್ನು ಹೊರತಂದಿತು. ಕಥೆ ನಡೆಯುವುದು 41ನೇ ಸಹಸ್ರಮಾನದಲ್ಲಿ. ಪ್ಲಾಸ್ಟಿಕ್ ಸೈನಿಕರನ್ನು ಜೋಡಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಟೇಪ್ ಹಿಡಿದು ಅಳೆದು ನಡೆಸಬೇಕು. ಗುಂಡು ತಾಗಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಎಲ್ಲರಿಗೂ ಸೇರಿ ಒಂದು ಮೂಲ ನಿಯಮ ಪುಸ್ತಕ ಇರುತ್ತದೆ. ಅದರ ಮೇಲೆ ಪ್ರತಿ ಸೇನೆಗೂ ಅದರದೇ ಒಂದು ಪುಸ್ತಕ, ಅದೇ ಕೋಡೆಕ್ಸ್. ಎರಡನೇ ಆವೃತ್ತಿಯ ಕಾಲದಲ್ಲಿ, 1994ರಲ್ಲಿ, ಇವು ಬರಲು ಶುರುವಾದವು. ಸೇನೆಯ ಇತಿಹಾಸ, ಚಿತ್ರಗಳು, ಯಾರಿಗೆ ಎಷ್ಟು ಬಲ, ಯಾವ ಆಯುಧಕ್ಕೆ ಎಷ್ಟು ಪಾಯಿಂಟ್ (ಸೇನೆ ಕಟ್ಟುವಾಗ ಲೆಕ್ಕ ಹಿಡಿಯುವ ಬೆಲೆ), ಎಲ್ಲವೂ ಅದರಲ್ಲೇ.

ನಮ್ಮ ಪರಿಸ್ಥಿತಿಯನ್ನೂ ಹೇಳಿಬಿಡಬೇಕು. ಯಾಕೆಂದರೆ ನನ್ನ ಅಭಿಪ್ರಾಯ ಅದರಿಂದಲೇ ಬಂದದ್ದು. ಇಲ್ಲಿ ಆಡುವವರು ನಾವು ಮೂವರು. ಒಬ್ಬ ಆಲ್ದೂರು ಕಡೆಯ ಕಾಫಿ ತೋಟದವನು, ಇನ್ನೊಬ್ಬ ಹಾಸನದಿಂದ ಬೇಲೂರು ದಾಟಿ ಬರುತ್ತಾನೆ. ತೋಟದವನು ಕೊಯ್ಲು ಶುರುವಾದ ಮೇಲೆ ಫೋನನ್ನೂ ಎತ್ತುವುದಿಲ್ಲ. ಹಾಗಾಗಿ ನಮ್ಮ ಯುದ್ಧಗಳೆಲ್ಲ ಹೆಚ್ಚಾಗಿ ಮಳೆಗಾಲದಲ್ಲಿ, ಕರೆಂಟ್ ಹೋದರೆ ಎಮರ್ಜೆನ್ಸಿ ಲೈಟಿನಲ್ಲಿ. ಟೂರ್ನಮೆಂಟ್ ಇಲ್ಲ, ಅಂಗಡಿಯವರ ಒತ್ತಾಯ ಇಲ್ಲ. ಯಾವ ಆವೃತ್ತಿ ಆಡಬೇಕು ಅನ್ನುವುದು ಮೂವರ ಒಪ್ಪಂದ ಅಷ್ಟೇ. ಬಹಳ ಸಲ 2008ರ ಐದನೇ ಆವೃತ್ತಿಯನ್ನೇ ಆಡುತ್ತೇವೆ. ಬೆಂಗಳೂರಿನಲ್ಲಿ ಅಪರಿಚಿತರ ಜೊತೆ ಆಡುವವರಿಗೆ ಈ ಸ್ವಾತಂತ್ರ್ಯ ಇರುವುದಿಲ್ಲ, ಅಲ್ವಾ?

ನನ್ನ ಮೊದಲ ಸ್ಥಾನ 2008ರ ಆರ್ಕ್ಸ್ ಕೋಡೆಕ್ಸ್‌ಗೆ. ಬರೆದವರು ಫಿಲ್ ಕೆಲ್ಲಿ. ಆರ್ಕ್‌ಗಳೆಂದರೆ ಹಸಿರು ಮೈಯವರು, ಜಗಳವೇ ಅವರ ಹಬ್ಬ. ಅವರು ಹುಟ್ಟುವುದೂ ಅಣಬೆಯ ಹಾಗೆ, ಬೀಜಕಣಗಳಿಂದ. ಮಲೆನಾಡಿನ ಜೂನ್ ತಿಂಗಳಿಗೆ ಹೇಳಿ ಮಾಡಿಸಿದ ಸೇನೆ ಅನ್ನಬೇಕು. ಈ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಕಥೆಯ ಪುಟಗಳನ್ನು ಓದದಿದ್ದರೂ ನಿಯಮ ಓದಿದರೆ ಸಾಕು, ಈ ಜನ ಎಂಥವರು ಅಂತ ಗೊತ್ತಾಗುತ್ತದೆ.

ಉದಾಹರಣೆಗೆ ಅವರ ಧೈರ್ಯದ ನಿಯಮ. ಬೇರೆ ಸೇನೆಗಳಲ್ಲಿ ಪ್ರತಿ ತುಕಡಿಗೂ ಧೈರ್ಯಕ್ಕೆ ಒಂದು ಅಂಕ ಇರುತ್ತದೆ. ಆರ್ಕ್ ಗುಂಪಿನಲ್ಲಿ ಮಾತ್ರ ಎಷ್ಟು ತಲೆ ಇವೆಯೋ ಅಷ್ಟೇ ಧೈರ್ಯ ಅಂತ ಲೆಕ್ಕ ಹಿಡಿಯಬಹುದು. ಹತ್ತಕ್ಕಿಂತ ಹೆಚ್ಚು ಜನ ಇದ್ದರೆ ಹೆದರಿಕೆಯೇ ಇಲ್ಲ. ಎಂಟಕ್ಕೆ, ಏಳಕ್ಕೆ ಇಳಿಯುತ್ತ ಹೋದ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಓಡಲು ಶುರು. ಎರಡೇ ಸಾಲಿನ ನಿಯಮ, ಇಡೀ ಜನಾಂಗದ ಸ್ವಭಾವ ಅದರಲ್ಲಿದೆ. ಒಬ್ಬ ಸಾಮಾನ್ಯ ಆರ್ಕ್‌ಗೆ 6 ಪಾಯಿಂಟ್, ಒಂದು ಗುಂಪಿನಲ್ಲಿ 30ರವರೆಗೆ ಹಾಕಬಹುದು. ಬಣ್ಣ ಹಚ್ಚುವವನ ಬೆನ್ನು ಮುರಿಯುತ್ತದೆ, ಅದು ಬೇರೆ ಮಾತು.

ಅವರಿಗೆ ಗುರಿ ಬರುವುದಿಲ್ಲ. ದಾಳದಲ್ಲಿ 5 ಅಥವಾ 6 ಬಿದ್ದರಷ್ಟೇ ಗುಂಡು ತಾಗುತ್ತದೆ. ಅದಕ್ಕೆ ಅವರ ಪರಿಹಾರ ಗುರಿ ಕಲಿಯುವುದಲ್ಲ, ಇನ್ನಷ್ಟು ಗುಂಡು ಹಾರಿಸುವುದು. ಗಾಡಿಗೆ ಕೆಂಪು ಬಣ್ಣ ಹಚ್ಚಿದರೆ ಅದು ಜೋರಾಗಿ ಓಡುತ್ತದೆ ಅಂತ ಅವರು ನಂಬುತ್ತಾರೆ. ಪಾಯಿಂಟ್ ಕೊಟ್ಟು ಕೆಂಪು ಬಣ್ಣ ಕೊಂಡರೆ ಗಾಡಿ ನಿಜವಾಗಿಯೂ ಒಂದು ಇಂಚು ಹೆಚ್ಚು ಹೋಗುತ್ತದೆ! ಬೇರೆಯವರಿಂದ ಕದ್ದು ರಿಪೇರಿ ಮಾಡಿದ ವ್ಯಾಗನ್ ಇದೆಯಲ್ಲ, ಅದಕ್ಕೆ ಪ್ರತಿ ಸರದಿಯಲ್ಲೂ ಒಂದು ದಾಳ. 1 ಬಿದ್ದರೆ ಯಾರೋ ಒತ್ತಬಾರದ ಗುಂಡಿ ಒತ್ತಿದ್ದಾರೆ ಅಂತ ಅರ್ಥ. ಗಾಡಿ ಮುಂದಕ್ಕೆ ನುಗ್ಗುತ್ತದೆ, ಎದುರಿಗೆ ಏನೇ ಇರಲಿ. "ಎಂತ ಮಾರಾಯ, ನಿನ್ನ ಗಾಡಿ ನಿನ್ನ ಮಾತೇ ಕೇಳಲ್ವಲ್ಲ" ಅಂತ ತೋಟದವನು ನಗುತ್ತಾನೆ. ಸೋತರೂ ಹೇಳಿಕೊಳ್ಳಲು ಒಂದು ಕಥೆ ಸಿಗುತ್ತದೆ.

ದೋಷ ಇಲ್ಲ ಅಂತಲ್ಲ. ಬೈಕ್ ಮೇಲೆ ಕೂತ ನಾಬ್‌ಗಳಲ್ಲಿ (ಆರ್ಕ್‌ಗಳಲ್ಲೇ ದೊಡ್ಡ ದಾಂಡಿಗರು) ಒಬ್ಬೊಬ್ಬನಿಗೆ ಒಂದೊಂದು ಬಗೆಯ ಆಯುಧ ಕೊಟ್ಟುಬಿಟ್ಟರೆ, ಐದನೇ ಆವೃತ್ತಿಯಲ್ಲಿ ಪೆಟ್ಟುಗಳನ್ನು ಎಲ್ಲರಿಗೂ ಹಂಚಿ, ಯಾರೂ ಸಾಯದ ಹಾಗೆ ನೋಡಿಕೊಳ್ಳಬಹುದು. ನಿಯಮದ ಪ್ರಕಾರ ಸರಿ, ಎದುರಿಗೆ ಕೂತವನಿಗೆ ಹಿಂಸೆ. ನಮ್ಮಲ್ಲಿ ಅದನ್ನು ತರುವುದಿಲ್ಲ ಅಂತ ಮಾತಾಗಿದೆ.

ಎರಡನೆಯದು 2002ರ ಕೇಯಾಸ್ ಸ್ಪೇಸ್ ಮರೀನ್ಸ್ ಕೋಡೆಕ್ಸ್. ಮೂರನೇ ಆವೃತ್ತಿಯ ಮಧ್ಯದಲ್ಲಿ ಬಂದದ್ದರಿಂದ ಹಳಬರು ಇದನ್ನು ಮೂರೂವರೆ ಅನ್ನುತ್ತಾರೆ. ಮನುಷ್ಯರ ಚಕ್ರವರ್ತಿಗೆ ತಿರುಗಿಬಿದ್ದ ಒಂಬತ್ತು ಲೀಜನ್‌ಗಳ, ಅಂದರೆ ದೊಡ್ಡ ಸೈನ್ಯದಳಗಳ, ಪುಸ್ತಕ ಇದು. ಒಂದೊಂದು ಲೀಜನ್‌ಗೂ ಬೇರೆಯೇ ರೀತಿಯ ಸೇನೆ ಕಟ್ಟಬಹುದು. ಐರನ್ ವಾರಿಯರ್ಸ್ ಬೇಕೆಂದರೆ ವೇಗದ ತುಕಡಿಗಳನ್ನು ಕಡಿಮೆ ಮಾಡಿ ದೊಡ್ಡ ಫಿರಂಗಿ ಹೆಚ್ಚಿಗೆ ಹಾಕಿಕೊಳ್ಳಬಹುದು. ಕೇಯಾಸ್‌ನ ನಾಲ್ಕು ದೇವತೆಗಳಿಗೂ ಒಂದೊಂದು ಪವಿತ್ರ ಸಂಖ್ಯೆ: ಖಾರ್ನ್‌ಗೆ 8, ನರ್ಗಲ್‌ಗೆ 7, ಜೀಂಚ್‌ಗೆ 9, ಸ್ಲಾನೆಶ್‌ಗೆ 6. ತುಕಡಿಯಲ್ಲಿ ಎಷ್ಟು ಜನ ಇರಬೇಕು ಅನ್ನುವ ಸಣ್ಣ ವಿಷಯದಲ್ಲೂ ಭಕ್ತಿ ಬರುತ್ತದೆ. ಹಾಸನದ ಗೆಳೆಯನ ಡೆತ್ ಗಾರ್ಡ್ ಸೇನೆ, ಅಂದರೆ ನರ್ಗಲ್‌ನ ಲೀಜನ್, ಈಗಲೂ ಏಳರ ಲೆಕ್ಕದಲ್ಲೇ ನಿಲ್ಲುತ್ತದೆ. ಈಗಿನ ನಿಯಮದಲ್ಲಿ ಅದು ಲಾಭವೋ ನಷ್ಟವೋ ಅವನು ನೋಡುವುದೇ ಇಲ್ಲ.

ಪುಸ್ತಕದ ಪುಟಗಳೂ ಹಾಗೇ ಇವೆ. ಹಳೇಬೀಡಿನ ಗೋಡೆಯ ಹಾಗೆ, ಎಲ್ಲೂ ಖಾಲಿ ಜಾಗ ಬಿಟ್ಟಿಲ್ಲ. ಅಂಚಿನಲ್ಲೂ ಒಂದು ಮುಖ, ಒಂದು ಕೊಂಬು, ಒಂದು ಸರಪಳಿ. ಆದರೆ ಹೊಸಬರಿಗೆ ನಾನು ಇದನ್ನು ಕೊಡುವುದಿಲ್ಲ. ವರಗಳು, ಆಯುಧಗಳು, ಅನುಭವಿ ಸೈನಿಕರ ಕೌಶಲಗಳು, ಯಾವುದರ ಜೊತೆ ಯಾವುದು ಸೇರಬಾರದು ಅನ್ನುವ ಷರತ್ತುಗಳು... ಒಂದು ಸೇನೆ ಬರೆಯಲು ಒಂದು ಸಂಜೆ ಬೇಕು, ಪಕ್ಕದಲ್ಲಿ ರಬ್ಬರ್ ಇರಲೇಬೇಕು. ಸಮತೋಲನವಂತೂ ಕೇಳಲೇಬೇಡಿ, ಒಂದೊಂದು ಜೋಡಣೆ ಅನ್ಯಾಯ. ಆದರೂ 2007ರಲ್ಲಿ ಬಂದ ಮುಂದಿನ ಪುಸ್ತಕದಲ್ಲಿ ಲೀಜನ್‌ಗಳ ಪ್ರತ್ಯೇಕ ನಿಯಮಗಳನ್ನೆಲ್ಲ ತೆಗೆದಾಗ ಜನ ಯಾಕೆ ಅಷ್ಟು ಬೇಸರಪಟ್ಟರು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ಹೊಸದು ಚೊಕ್ಕವಾಗಿದೆ. ನನ್ನ ಪ್ರತಿ ಇನ್ನೂ ಹೊಸದರ ಹಾಗೇ ಇದೆ, ಯಾಕೆಂದರೆ ಯಾರೂ ಅದನ್ನು ಮುಟ್ಟುವುದಿಲ್ಲ.

ಸುಮ್ನೆ ಓದುವುದಕ್ಕೆ ಮಾತ್ರ ಅಂದರೆ 2010ರ ಡಾರ್ಕ್ ಎಲ್ಡಾರ್. ಇದೂ ಫಿಲ್ ಕೆಲ್ಲಿಯವರದೇ. ಈ ಸೇನೆ ಮೊದಲು ಬಂದದ್ದು 1998ರಲ್ಲಿ, ಮೂರನೇ ಆವೃತ್ತಿಯ ಪೆಟ್ಟಿಗೆಯ ಜೊತೆ. ಆಮೇಲೆ ಪೂರ್ತಿ ಹೊಸ ಪುಸ್ತಕಕ್ಕೆ 12 ವರ್ಷ ಕಾದರು. ಕಾದದ್ದಕ್ಕೆ ಫಲ ಸಿಕ್ಕಿತು. ಜೆಸ್ ಗುಡ್‌ವಿನ್ ರೂಪಿಸಿದ ಹೊಸ ಗೊಂಬೆಗಳು ಬಂದವು, ಜೊತೆಗೆ ಕಾಮೊರಾ ಅನ್ನುವ ಕತ್ತಲ ನಗರದ ಪೂರ್ತಿ ಚಿತ್ರಣ. ಈ ಜನ ಬೇರೆಯವರ ನೋವನ್ನು ಕುಡಿದೇ ಬದುಕಬೇಕು. ಇಲ್ಲದಿದ್ದರೆ ಅವರ ಆತ್ಮ ಸ್ವಲ್ಪ ಸ್ವಲ್ಪವಾಗಿ ಸ್ಲಾನೆಶ್ ಪಾಲಾಗುತ್ತದೆ. ಆಟದಲ್ಲಿ ಇದು ಹೇಗೆ ಬರುತ್ತದೆ ಅಂದರೆ, ಒಂದು ಶತ್ರು ತುಕಡಿಯನ್ನು ಮುಗಿಸಿದರೆ ಒಂದು ಬಿಲ್ಲೆ ಸಿಗುತ್ತದೆ. ಮೊದಲ ಬಿಲ್ಲೆಗೆ ಪೆಟ್ಟು ತಡೆಯುವ ಶಕ್ತಿ, ಎರಡನೆಯದಕ್ಕೆ ನುಗ್ಗುವ ಬಲ, ಮೂರನೆಯದಕ್ಕೆ ಭಯವೇ ಇಲ್ಲ. ಕೊಲ್ಲುತ್ತ ಹೋದಷ್ಟೂ ಚೇತರಿಸಿಕೊಳ್ಳುತ್ತಾರೆ. ಆಡುವುದು ಮಾತ್ರ ಕಷ್ಟ. ತೆರೆದ ಹಡಗುಗಳು, ತೆಳ್ಳನೆಯ ಕವಚ. ಒಂದು ಸರದಿ ತಪ್ಪು ಜಾಗದಲ್ಲಿ ನಿಂತರೆ ಅರ್ಧ ಸೇನೆ ಪೆಟ್ಟಿಗೆಗೆ ವಾಪಸ್.

ನೆಕ್ರಾನ್‌ಗಳ ವಿಷಯದಲ್ಲಿ ನಮ್ಮ ಮೂವರಲ್ಲೇ ಒಮ್ಮತ ಇಲ್ಲ. 2002ರ ಪುಸ್ತಕದಲ್ಲಿ ಅವರು ಮಾತೇ ಆಡದ ಲೋಹದ ಅಸ್ಥಿಪಂಜರಗಳು. ಬಿದ್ದವರು ಮತ್ತೆ ಏಳುತ್ತಾರೆ, ಸಂಖ್ಯೆ ತೀರಾ ಕುಸಿದರೆ ಇಡೀ ಸೇನೆ ಮಾಯ. ಯಾಕೆ ಬಂದರು, ಎಲ್ಲಿಗೆ ಹೋದರು, ಯಾರಿಗೂ ಗೊತ್ತಿಲ್ಲ. 2011ರ ಪುಸ್ತಕ ಅವರಿಗೆ ರಾಜವಂಶ, ಹೆಸರು, ಹಠ, ಹುಚ್ಚು ಎಲ್ಲ ಕೊಟ್ಟಿತು. ಟ್ರಾಜಿನ್ ಅನ್ನುವವನಂತೂ ಇಡೀ ಬ್ರಹ್ಮಾಂಡದ ಅಪರೂಪದ ವಸ್ತುಗಳನ್ನು, ಜನರನ್ನೂ ಸೇರಿಸಿ, ಕದ್ದು ತನ್ನ ಸಂಗ್ರಹಾಲಯದಲ್ಲಿ ಇಡುತ್ತಾನೆ. ಹಾಸನದವನಿಗೆ ಹಳೆಯದೇ ಇಷ್ಟ, ಮಾತಾಡುವ ದೆವ್ವಕ್ಕೆ ಯಾರು ಹೆದರುತ್ತಾರೆ ಅಂತ ಅವನ ವಾದ. ನನಗೆ ಹೊಸದು. ಅಲ್ಪಾಯುಷಿಗಳಾಗಿದ್ದ ಒಂದು ಜನಾಂಗ ಸಾವಿನಿಂದ ತಪ್ಪಿಸಿಕೊಳ್ಳಲು ದೇಹವನ್ನೇ ಲೋಹಕ್ಕೆ ಬದಲಾಯಿಸಿಕೊಂಡು, ಆಮೇಲೆ ಕಳೆದುಕೊಂಡದ್ದು ಏನು ಅಂತ ಅರಿತುಕೊಳ್ಳುವ ಕಥೆ ಅದು. ಅವರು ಬಾಯಿಬಿಟ್ಟರೆ ತಾನೇ ಆ ದುಃಖ ಕೇಳಿಸುವುದು?

ಹತ್ತನೇ ಆವೃತ್ತಿಗೆ ಬರೋಣ. 2023ರಲ್ಲಿ ಅದು ಶುರುವಾದಾಗ ಎಲ್ಲ ಸೇನೆಗಳ ನಿಯಮಗಳನ್ನೂ ಉಚಿತವಾಗಿ ಕೊಟ್ಟರು. ಮೆಚ್ಚಬೇಕಾದ್ದೇ. ಆಮೇಲೆ ಒಂದೊಂದಾಗಿ ಕೋಡೆಕ್ಸ್ ಬಂದವು, ಡಿಸೆಂಬರ್‌ನಲ್ಲಿ ಬಂದ ನೆಕ್ರಾನ್ ನಾನು ತರಿಸಿಕೊಂಡೆ. ಆಡಲು ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಒಂದು ಡಿಟ್ಯಾಚ್‌ಮೆಂಟ್ (ಸೇನೆ ಹೋರಾಡುವ ಶೈಲಿ) ಆರಿಸಿದರೆ ಒಂದು ನಿಯಮ, ಆರು ತಂತ್ರಗಳು, ಅಷ್ಟೇ ನೆನಪಿಟ್ಟರೆ ಸಾಕು. ಒಂದು ತುಕಡಿಯ ಎಲ್ಲ ವಿವರ ಒಂದೇ ಕಡೆ ಸಿಗುತ್ತದೆ, ಕರೆಂಟ್ ಇಲ್ಲದಾಗ ಹತ್ತು ಪುಟ ತಿರುವಬೇಕಿಲ್ಲ. ಚಿತ್ರಗಳು, ಮುದ್ರಣ ಎಲ್ಲ ಸೊಗಸು.

ಆದರೆ ಹೆಚ್ಚಿನ ಆಯುಧಗಳಿಗೆ ಈ ಆವೃತ್ತಿಯಲ್ಲಿ ಬೇರೆ ಪಾಯಿಂಟ್ ಇಲ್ಲ, ತುಕಡಿಗೆ ಒಟ್ಟಾರೆ ಒಂದು ಬೆಲೆ. ಕೊನೆಗೆ ಉಳಿದ 5 ಪಾಯಿಂಟ್‌ಗೆ ಯಾರಿಗೆ ಏನು ಕೊಡಲಿ ಅಂತ ಪೆನ್ಸಿಲ್ ಕಚ್ಚುತ್ತ ಕೂರುವ ಸುಖ ಹೋಯಿತು. ಪಾಯಿಂಟ್‌ಗಳು ಕಂಪನಿ ಉಚಿತವಾಗಿ ಕೊಡುವ ಪಿಡಿಎಫ್‌ನಲ್ಲಿ ಬದಲಾಗುತ್ತಲೇ ಇರುತ್ತವೆ, ನಿಯಮಗಳಿಗೂ ತಿದ್ದುಪಡಿ ಬರುತ್ತದೆ. 2014, 2017, 2020, 2023 ಅಂತ ಮೂರು ವರ್ಷಕ್ಕೊಮ್ಮೆ ಆವೃತ್ತಿಯೇ ಬದಲಾಗಿದೆ. ಸಾಗಣೆ ಸೇರಿಸಿ ಸಾವಿರಗಟ್ಟಲೆ ಕೊಟ್ಟು ತರಿಸುವ ನಮ್ಮಂಥವರಿಗೆ ಇದು ದುಬಾರಿ ಅನ್ನಿಸುತ್ತದೆ. ಓದುವ ಪುಸ್ತಕವಾಗಿ ನೋಡಿದರೂ ಇದರ ಕಥಾಭಾಗ 2011ರದರಷ್ಟು ನನ್ನನ್ನು ಹಿಡಿಯಲಿಲ್ಲ.

ಇಲ್ಲಿನ ತೇವದಲ್ಲಿ ಪುಸ್ತಕಗಳು ಹೇಗೆ ಬಾಳುತ್ತವೆ ಅನ್ನುವುದು ಬೇರೆ ಕಡೆಯ ವಿಮರ್ಶೆಗಳಲ್ಲಿ ಸಿಗುವುದಿಲ್ಲ, ಅದಕ್ಕೆ ಹೇಳುತ್ತೇನೆ. ಹಳೆಯವು ತೆಳು ರಟ್ಟಿನವು, ಒಳಗೆ ಹೆಚ್ಚಾಗಿ ಕಪ್ಪು ಬಿಳುಪು. 2012ರಿಂದ ಈಚೆಗೆ ಗಟ್ಟಿ ರಟ್ಟು, ಪೂರ್ತಿ ಬಣ್ಣ. ನೋಡಲು ಗಟ್ಟಿ ರಟ್ಟೇ ಚೆಂದ, ಆದರೆ ಜುಲೈ ಮುಗಿಯುವಷ್ಟರಲ್ಲಿ ಅದರ ನುಣುಪು ಹಾಳೆಗಳು ಅಲೆಅಲೆಯಾಗಿ ಬಾಗುತ್ತವೆ, ರಟ್ಟಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಹಳೆಯವಕ್ಕೆ ಇರುವ ಕಾಯಿಲೆ ಅಂಟು ಬಿಡುವುದು. ಆರ್ಕ್ಸ್ ಪುಸ್ತಕದ ನಡುವಿನ ಹಾಳೆಗಳು ಕಿತ್ತು ಬಂದಾಗ ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದೆ. ಅಂಗಡಿಯವರು ಹಸಿರು ರಾಕ್ಷಸರನ್ನು ನೋಡಿ, "ಇದು ಯಾವ ಸೆಮಿಸ್ಟರ್ ಸರ್?" ಅಂತ ಕೇಳಿದರು. ಈಗ ಅದು ಮೇಜಿನ ಮೇಲೆ ಅಗಲವಾಗಿ ಬಿಡಿಸಿಕೊಂಡು ಕೂರುತ್ತದೆ, ಮೊದಲಿಗಿಂತ ಅನುಕೂಲ. ಸಂಗ್ರಹಕಾರರು ಇದನ್ನು ಕೇಳಿ ಎದೆ ಹಿಡಿದುಕೊಳ್ಳಬಹುದು. ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಿಸಿಲು ಬಂದ ದಿನ ಪುಟ ಬಿಡಿಸಿ ಗಾಳಿಗೆ ಇಡಿ. ನೇರ ಬಿಸಿಲು ಬೇಡ, ಬಣ್ಣ ಹೋಗುತ್ತದೆ.

ಹೊಸದಾಗಿ ಶುರುಮಾಡುವವರು ದುಡ್ಡು ಹಾಕುವ ಮೊದಲು ಒನ್ ಪೇಜ್ ರೂಲ್ಸ್ ಅವರ ಗ್ರಿಮ್‌ಡಾರ್ಕ್ ಫ್ಯೂಚರ್ ಅನ್ನುವ ಆಟ ನೋಡಿ. ಮೂಲ ನಿಯಮ, ಸೇನೆಗಳ ಪಟ್ಟಿ ಎರಡೂ ಉಚಿತ. ನಿಮ್ಮ ಹತ್ತಿರ ಇರುವ ಯಾವ ಗೊಂಬೆಯಿಂದಲಾದರೂ ಆಡಬಹುದು. ಹಾಸನದಿಂದ ಗೆಳೆಯ ತಡವಾಗಿ ಬಂದ ದಿನ ನಾವೂ ಅದನ್ನೇ ಆಡುತ್ತೇವೆ, ಬೇಗ ಮುಗಿಯುತ್ತದೆ. ಅದರಲ್ಲಿ ಗಾಡಿ ತಾನಾಗಿ ಗೋಡೆಗೆ ನುಗ್ಗುವುದಿಲ್ಲ, ಅದೊಂದೇ ಕೊರತೆ.

ಹಳೆಯ ಕೋಡೆಕ್ಸ್ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವುದಾದರೆ ಬೆನ್ನಿನ ಅಂಟು ಹೇಗಿದೆ ಅಂತ ಫೋಟೋ ಕೇಳಿ, ನಡುವಿನ ಬಣ್ಣದ ಪುಟಗಳು ಇವೆಯೇ ಅಂತಲೂ ಕೇಳಿ. ಹತ್ತನೇ ಆವೃತ್ತಿಯದಾದರೆ ಒಳಗಿರುವ ಆ್ಯಪ್ ಕೋಡ್ (ಪುಸ್ತಕದ ನಿಯಮಗಳನ್ನು ಕಂಪನಿಯ ಆ್ಯಪ್‌ನಲ್ಲಿ ತೆರೆಯುವ ಕೋಡ್) ಬಳಸಿದ್ದಾರೆಯೇ ಅನ್ನುವುದನ್ನು ಮೊದಲೇ ಖಚಿತ ಮಾಡಿಕೊಳ್ಳಿ. ಅದು ಒಂದೇ ಸಲ ನಡೆಯುತ್ತದೆ. ನನಗೆ ಮಾರಿದವರೊಬ್ಬರು "ಹೊಸದರ ಹಾಗೇ ಇದೆ" ಅಂದಿದ್ದರು. ಪುಸ್ತಕ ಹಾಗೇ ಇತ್ತು, ಕೋಡ್ ಮಾತ್ರ ಮುಗಿದಿತ್ತು.