ಸ್ನಾರ್ಕೆಲ್, ಬ್ರೀದರ್ ಪೈಪು, ಟರ್ಪಾಲು: ನಮ್ಮ ತೋಡಿಗೆ ಯಾವುದು ಸರಿ?

ಜೀಪಿನಲ್ಲಿ ತೋಡು ದಾಟಲು ಮೂರನ್ನೂ ಹಾಕಿ ನೋಡಿದೆ. ಗೆದ್ದದ್ದು ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. 640 ರೂಪಾಯಿಯ ರಬ್ಬರ್ ಪೈಪು. ಹದಿಮೂರು ಸಾವಿರದ ಸ್ನಾರ್ಕೆಲ್, ಅಂದರೆ ಎಂಜಿನ್ ಗಾಳಿ ಎಳೆಯುವ ಬಾಯನ್ನು ನೀರಿಗಿಂತ ಮೇಲಕ್ಕೆ ಒಯ್ಯುವ ಕೊಳವೆ, ಸೋತಿತು. ನಡುವೆ ಒಂದು ಟರ್ಪಾಲೂ ಇದೆ, ಅದರ ಕತೆ ಸಣ್ಣದು.

ನಮ್ಮದು ಹೆಬ್ರಿ ಕಡೆಯ ಅಡಿಕೆ ತೋಟ. ಮನೆಗೂ ಡಾಂಬರು ರಸ್ತೆಗೂ ನಡುವೆ ಒಂದು ತೋಡು. ಮುಂದೆ ಹೋಗಿ ಸೀತಾನದಿಗೆ ಸೇರುತ್ತದೆ. ಮಾರ್ಚಿನಲ್ಲಿ ಅದರಲ್ಲಿ ಪಾದ ನೆನೆಯುವುದೂ ಕಷ್ಟ. ಜೂನ್ ಮೂರನೇ ವಾರಕ್ಕೆ ಮೊಣಕಾಲಿಗೆ ಬರುತ್ತದೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ತೊಡೆಗೆ. ಕಾಲುಸಂಕ ಇದೆ, ಮನುಷ್ಯರಿಗೆ ಅದು ಸಾಕು. ಆದರೆ ಬೆಳಿಗ್ಗೆ ಎರಡು ಕ್ಯಾನ್ ಹಾಲು ಡೈರಿಗೆ ಹೋಗಬೇಕು. ಹಿಂಡಿ ಮೂಟೆ ಬರಬೇಕು. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಮೈಲುತುತ್ತು, ಸುಣ್ಣ, ಪಂಪು, ಜನ ಎಲ್ಲ ಈ ಬದಿಗೆ ಬರಬೇಕು. ಅದಕ್ಕೇ ಈ ಹಳೆಯ ಡೀಸೆಲ್ ಜೀಪು, ಫೋರ್ ವೀಲ್ ಡ್ರೈವ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಸರಿಯಾದ ಬಾಗಿಲೂ ಇಲ್ಲ. ಸೇತುವೆಗೆ ಅರ್ಜಿ ಕೊಟ್ಟಾಗಿದೆ. ಅದರ ಕತೆ ಬರೆಯಲು ಹೊರಟರೆ ಮಳೆಗಾಲ ಮುಗಿದೀತು.

ಸ್ನಾರ್ಕೆಲ್ ಹುಚ್ಚು ಹಿಡಿದದ್ದು 2020ರ ಸೆಪ್ಟೆಂಬರ್ 20ರ ನಂತರ. ಆ ಭಾನುವಾರ ಉಡುಪಿಯವರು ಯಾರೂ ಮರೆತಿರಲಿಕ್ಕಿಲ್ಲ. ಕಲ್ಸಂಕ, ಬೈಲಕೆರೆ ಎಲ್ಲ ನೀರು. ನೀರು ಇಳಿದ ಮೇಲೆ ನಮ್ಮ ಸಂಬಂಧಿಕರೊಬ್ಬರು ಅಂಗಳದಲ್ಲಿ ನಿಂತಿದ್ದ ಕಾರಿನ ಕೀ ತಿರುಗಿಸಿದರು. ಒಂದೇ ಸಲ, 'ಟಕ್' ಅಂತ ನಿಂತಿತು. ಎಂಜಿನ್ ಒಳಗೆ ನೀರು ಇತ್ತು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೆ ಬರಲು ಜಾಗ ಸಿಗದೆ ಕನೆಕ್ಟಿಂಗ್ ರಾಡ್ ಬಗ್ಗಿತು. ಡೀಸೆಲ್ ಎಂಜಿನ್‌ನಲ್ಲಿ ಒತ್ತಡ ಇನ್ನೂ ಜಾಸ್ತಿ, ಹಾಗಾಗಿ ಪೆಟ್ಟೂ ಜಾಸ್ತಿ. ಅವರ ಬಿಲ್ಲು ನೋಡಿದ ನನಗೆ ನಿದ್ದೆ ಬರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಮಂಗಳೂರಿಗೆ ಹೋಗಿ ಸ್ನಾರ್ಕೆಲ್ ಹಾಕಿಸಿಕೊಂಡು ಬಂದೆ. ಅಂಗಡಿಯ ಹೆಸರು ಬೇಡ.

ನೋಡಲಿಕ್ಕೆ ಬಹಳ ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ಆನೆ ಸೊಂಡಿಲು ಎತ್ತಿದ ಹಾಗೆ. ಡೈರಿಯಲ್ಲಿ ಎಲ್ಲರೂ ಸುತ್ತು ಬಂದು ನೋಡಿದರು. ಜೂನ್ ತಿಂಗಳಿಡೀ ಧೈರ್ಯವಾಗಿ ತೋಡು ದಾಟಿದೆ.

ಜುಲೈ ಎರಡನೇ ವಾರ ಹಿಂದಿನಿಂದ 'ಗುಂಯ್' ಅಂತ ಶಬ್ದ ಶುರುವಾಯಿತು. ಮೊದಲು ಟಯರ್ ಅಂದುಕೊಂಡೆ. ಆಮೇಲೆ ಮಳೆಯ ಶಬ್ದ ಇರಬೇಕು ಅಂತ ಸಮಾಧಾನ ಮಾಡಿಕೊಂಡೆ. ಐವತ್ತು ಕಿಲೋಮೀಟರ್ ವೇಗದಲ್ಲಿ ಜಾಸ್ತಿ, ಆಕ್ಸಿಲರೇಟರ್ ಬಿಟ್ಟರೆ ಬೇರೆ ರಾಗ. ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಅಣ್ಣ ಅಡಿಗೆ ಮಲಗಿ ಹಿಂದಿನ ಹೌಸಿಂಗಿನ, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್, ಗೇರು ಇರುವ ಡಬ್ಬಿಯ, ಡ್ರೈನ್ ಬೋಲ್ಟ್ ಬಿಚ್ಚಿದ. ಕಪ್ಪು ಗೇರ್ ಆಯಿಲ್ ಬರಬೇಕಾದಲ್ಲಿ ಹಾಲು ಜಾಸ್ತಿಯಾದ ಚಾದ ಬಣ್ಣದ್ದು ಸುರಿಯಿತು. ನೊರೆ ಬೇರೆ. ನಾನು ಸೊಂಡಿಲನ್ನೂ ಬಕೆಟನ್ನೂ ನೋಡಿದೆ.

"ನಿಮ್ಮ ಜೀಪು ಮೂಗಿನಿಂದ ನೀರು ಕುಡಿಯುದಲ್ಲ ಮಾರಾಯ್ರೆ, ಹಿಂದಿನಿಂದ ಕುಡಿಯುದು," ಅಂದ.

ಬೇರಿಂಗ್, ಸೀಲ್, ಆಯಿಲ್, ಕೂಲಿ ಸೇರಿ ಎಂಟು ಸಾವಿರದ ಚಿಲ್ಲರೆ. ಅದಕ್ಕಿಂತ ಹೊಟ್ಟೆ ಉರಿದದ್ದು ಕಾರಣ ಗೊತ್ತಾದ ಮೇಲೆ. ಹೌಸಿಂಗಿನ ಮೇಲೆ ಬೆರಳ ತುದಿಯಷ್ಟು ಒಂದು ಮುಚ್ಚಳ ಇರುತ್ತದೆ. ಅದೇ ಬ್ರೀದರ್. ಗಾಡಿ ಓಡಿದಾಗ ಒಳಗಿನ ಆಯಿಲ್ ಬಿಸಿಯಾಗುತ್ತದೆ, ಗಾಳಿ ಹಿಗ್ಗುತ್ತದೆ, ಅದರ ಮೂಲಕ ಹೊರಗೆ ಹೋಗುತ್ತದೆ. ಅಲ್ಲಿಗೆ ತೊಂದರೆ ಇಲ್ಲ. ಹೆಬ್ರಿ ಪೇಟೆಯಿಂದ ಒಂಬತ್ತು ಕಿಲೋಮೀಟರ್ ಓಡಿಸಿಕೊಂಡು ಬಂದು, ಬಿಸಿ ಹೌಸಿಂಗನ್ನು ಸೀದಾ ತಣ್ಣಗಿನ ತೋಡಿಗೆ ಇಳಿಸುತ್ತೀರಿ. ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಖಾಲಿಯಾದ ಜಾಗಕ್ಕೆ ಹೊರಗಿನಿಂದ ಏನಾದರೂ ಬರಬೇಕಲ್ಲ? ಹೊರಗೆ ಇರುವುದು ನೀರು. ಬ್ರೀದರ್ ಕೆಸರು ಹಿಡಿದು ಕಟ್ಟಿಕೊಂಡಿದ್ದರೆ ಒಳ್ಳೆಯದೇ ಆಯಿತು ಅನ್ನಬೇಡಿ. ಆಗ ಆಕ್ಸಲ್ ಸೀಲಿನ ಅಂಚಿನಿಂದ ಎಳೆದುಕೊಳ್ಳುತ್ತದೆ. ಒಂದು ಸಲಕ್ಕೆ ಬರುವುದು ಎರಡು ಚಮಚ ಇರಬಹುದು. ನಾನು ದಿನಕ್ಕೆ ನಾಲ್ಕು ಸಲ ದಾಟುತ್ತಿದ್ದೆ.

ಅದೇ ಸಂಜೆ ಟೇಪು ಹಿಡಿದು ಅಳೆದೆ. ಇದನ್ನು ಸ್ನಾರ್ಕೆಲ್ ತರುವ ಮೊದಲು ಮಾಡಬೇಕಿತ್ತು. ಚಕ್ರದ ನಡು ನೆಲದಿಂದ 36 ಸೆಂಟಿಮೀಟರ್. ಹಿಂದಿನ ಬ್ರೀದರ್ 47. ಏರ್ ಫಿಲ್ಟರಿಗೆ ಗಾಳಿ ಹೋಗುವ ಬಾಯಿ 94. ಮಳೆಗಾಲದಲ್ಲಿ ನಾನು ದಿನಾ ದಾಟುವ ನೀರು 45ರಿಂದ 60. ಅಂದರೆ ಸ್ನಾರ್ಕೆಲ್ ಇಲ್ಲದಿದ್ದರೂ ಎಂಜಿನ್ ಮೂಗಿಗೂ ನೀರಿಗೂ ಒಂದು ಅಡಿ ದೂರ. ಬ್ರೀದರ್ ಮಾತ್ರ ಹೆಚ್ಚಿನ ದಿನ ನೀರಿನಡಿ. ಹದಿಮೂರು ಸಾವಿರ ಖರ್ಚು ಮಾಡಿ, ಕಳ್ಳ ಬಾರದ ಬಾಗಿಲಿಗೆ ಬೀಗ ಹಾಕಿ, ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೆ.

ಹಾಗಾದರೆ 94 ಸೆಂಟಿಮೀಟರ್ ನೀರು ಬಂದ ದಿನ ಸ್ನಾರ್ಕೆಲ್ ಬೇಕಲ್ವಾ ಅಂತ ಭಾವ ಕೇಳಿದ. ಹರಿಯುವ ತೋಡಿನಲ್ಲಿ ಅಷ್ಟು ನೀರು ಬಂದ ದಿನ ಇಳಿಯಲೇಬಾರದು. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರನ್ನು ದೂಡಿಕೊಂಡು ಹೋಗುತ್ತದೆ, 60 ಆದರೆ ಹೆಚ್ಚಿನ ಗಾಡಿಗಳನ್ನು. ಜೀಪಿಗೆ ತೂಕ ಇದೆ ಅನ್ನುತ್ತೇವೆ. ನೀರಿನಲ್ಲಿ ಆ ತೂಕ ಎಲ್ಲಿ ಉಳಿಯುತ್ತದೆ? ಬದಿಯಿಂದ ದೂಡಿದರೆ ಟಯರಿಗೆ ಹಿಡಿತವೇ ಇಲ್ಲ. ನಮ್ಮ ದಾರಿಯ ಮೇಲ್ಬದಿಯಲ್ಲಿ ಕಿಂಡಿ ಅಣೆಕಟ್ಟು ಬೇರೆ ಇದೆ. ಮಳೆಗೆ ಮೊದಲು ಹಲಗೆ ತೆಗೆದ ಮೇಲೆ ಕಿಂಡಿಯಿಂದ ನೀರು ನುಗ್ಗಿ ಬರುತ್ತದೆ, ಕೆಳಗಿನ ಕಾಂಕ್ರೀಟ್ ಪೂರ್ತಿ ಪಾಚಿ. ಹಾಗಾಗಿ ದಡದ ಕಲ್ಲುಕಂಬಕ್ಕೆ ಕೆಂಪು ಪೇಂಟ್ ಬಳಿದಿದ್ದೇನೆ. 60ಕ್ಕೆ ಗೆರೆ. ಗೆರೆ ಮುಳುಗಿದ ದಿನ ಹಾಲಿನ ಕ್ಯಾನು ಹೆಗಲ ಮೇಲೆ, ನಾನು ಕಾಲುಸಂಕದ ಮೇಲೆ.

ಸ್ನಾರ್ಕೆಲ್‌ಗೆ ನಿಜವಾಗಿ ಕೆಲಸ ಇರುವುದು ನಿಂತ ನೀರಿನಲ್ಲಿ. ಘಟ್ಟದ ಮೇಲೆ ಮಳೆ ಹೊಡೆದು ಹೊಳೆ ಏರಿದರೆ ನಮ್ಮ ತೋಡಿನ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ತುಂಬಿಕೊಳ್ಳುತ್ತದೆ. ಆಳ ಇರುತ್ತದೆ, ಸೆಳೆತ ಇರುವುದಿಲ್ಲ. ವರ್ಷಕ್ಕೆ ಎರಡೋ ಮೂರೋ ದಿನ. ಆ ದಿನಗಳಿಗಾಗಿ ಹದಿಮೂರು ಸಾವಿರ? ನನ್ನ ಜೇಬಿಗೆ ಅಲ್ಲ. ಬೇಸಿಗೆಯಲ್ಲಿ ಕೆಮ್ಮಣ್ಣಿನ ದೂಳು ಫಿಲ್ಟರಿಗೆ ಕಡಿಮೆ ಹೋಗುತ್ತದೆ, ಅದೊಂದು ಲಾಭ ಒಪ್ಪುತ್ತೇನೆ.

ಇನ್ನೊಂದು ತಮಾಷೆ ಆಮೇಲೆ ಗೊತ್ತಾಯಿತು. ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ ನೀರು ಬಸಿದು ಹೋಗಲು ಒಂದು ತೂತು ಇತ್ತು. ಸ್ನಾರ್ಕೆಲ್ ಹಾಕಿದವರು ಅದನ್ನು ಹಾಗೇ ಬಿಟ್ಟಿದ್ದರು. ಮೇಲೆ ಸೊಂಡಿಲು, ಕೆಳಗೆ ತೂತು. ನೀರು ಆ ಡಬ್ಬಿಯವರೆಗೆ ಬಂದಿದ್ದರೆ ಅಲ್ಲಿಂದಲೇ ಒಳಗೆ. ಪೈಪು ಡಬ್ಬಿಗೆ ಸೇರುವ ಜಾಗದಲ್ಲೂ ಬರೀ ಸಿಲಿಕಾನ್ ಮೆತ್ತಿದ್ದರು, ಕ್ಲಾಂಪ್ ಇಲ್ಲ. ನೀವು ಹಾಕಿಸಿದರೆ ಎಂಜಿನ್ ಸ್ಟಾರ್ಟ್ ಮಾಡಿ, ಸೊಂಡಿಲಿನ ಬಾಯಿಗೆ ಅಂಗೈ ಒತ್ತಿ ಹಿಡಿಯಿರಿ. ಎಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಗಾಳಿ ಹೋಗುವಲ್ಲಿ ನೀರೂ ಹೋಗುತ್ತದೆ. ನನ್ನದು ಆರಾಮಾಗಿ ಓಡುತ್ತಲೇ ಇತ್ತು! ಮಡ್‌ಗಾರ್ಡ್‌ಗೆ ತೂತು ಕೊರೆಯುವುದು, ಗಾಡಿಯ ಆಕಾರ ಬದಲಿಸುವುದು ಇದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಇದೆ, ಆರ್‌ಟಿಒದಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಭಾವನ ಗೂರ್ಖಾ ಜೀಪಿಗೆ ಕಾರ್ಖಾನೆಯಿಂದಲೇ ಸ್ನಾರ್ಕೆಲ್ ಬಂದಿದೆ, ಕಂಪನಿ 700 ಮಿಲಿಮೀಟರ್ ನೀರಿನವರೆಗೆ ಇಳಿಸಬಹುದು ಅನ್ನುತ್ತದೆ. ಥಾರ್‌ಗೆ 650. ಅಂಥದ್ದು ಇರುವವರಿಗೆ ಈ ತಲೆಬಿಸಿ ಅರ್ಧ ಕಡಿಮೆ. ಆದರೂ ಆ ಅಂಕಿಯನ್ನು ನಾನು ನಿಂತ ನೀರಿಗೆ ಮಾತ್ರ ಅಂತ ಓದುತ್ತೇನೆ.

ಟರ್ಪಾಲು. ಮುಂದಿನ ಜಾಲರಿಗೆ ಅಡ್ಡ ಕಟ್ಟಿ, ಹಗ್ಗವನ್ನು ಬಾನೆಟ್ ಮೇಲಿಂದ ಎಳೆದು ಬಿಗಿಯುವುದು. 350 ರೂಪಾಯಿ. ನಿಧಾನಕ್ಕೆ ಮುಂದೆ ಹೋದರೆ ಮೂತಿಯ ಎದುರು ಒಂದು ಅಲೆ ಏಳುತ್ತದೆ, ಬಾನೆಟ್ ಒಳಗೆ ನೀರು ಕಡಿಮೆಯಾಗುತ್ತದೆ, ಫ್ಯಾನು ನೀರೆರಚುವುದಿಲ್ಲ. ಕೆಲಸ ಮಾಡುತ್ತದೆ, ನಿಜ. ಆದರೆ ನಡುವೆ ನಿಂತರೆ ಮುಗಿಯಿತು, ಹಿಂದೆ ಬರಲೂ ಆಗುವುದಿಲ್ಲ, ದಾಟಿದ ಕೂಡಲೇ ಬಿಚ್ಚದಿದ್ದರೆ ರೇಡಿಯೇಟರ್ ಕುದಿಯುತ್ತದೆ. ಬೆಳಿಗ್ಗೆ ಆರು ಗಂಟೆಯ ಮಳೆಯಲ್ಲಿ, ಒಂದು ಕೈಯಲ್ಲಿ ಕೊಡೆ ಹಿಡಿದು, ದಿನಕ್ಕೆ ನಾಲ್ಕು ಸಲ ಕಟ್ಟಿ ಬಿಚ್ಚಿ ನೋಡಿ. ನಾನು ಐದು ದಿನ ನೋಡಿದೆ. ಈಗ ಅದು ಸೌದೆ ರಾಶಿಯ ಮೇಲಿದೆ, ಅಲ್ಲಿ ಬಹಳ ಉಪಯೋಗಕ್ಕೆ ಬಂದಿದೆ.

ಇನ್ನು ಪೈಪು. ಮೂಲ ಬ್ರೀದರ್ ಮುಚ್ಚಳ ಬಿಚ್ಚಿ, ಆ ಜಾಗಕ್ಕೆ ಒಂದು ನಿಪ್ಪಲ್, ಅದಕ್ಕೆ ಡೀಸೆಲ್ ಹೋಸ್ ಸಿಕ್ಕಿಸಿ ಕ್ಲಾಂಪ್ ಬಿಗಿದು, ಚಾಸಿಯ ಉದ್ದಕ್ಕೂ ತಂದು ಬಾನೆಟ್ ಒಳಗೆ ಆದಷ್ಟು ಎತ್ತರಕ್ಕೆ ಒಯ್ಯುವುದು. ತುದಿಗೆ ಬೈಕಿನ ಸಣ್ಣ ಫಿಲ್ಟರ್, ಬಾಯಿ ಕೆಳಗೆ. ಈಗ ಹೌಸಿಂಗ್ ಎಷ್ಟು ಉಸಿರೆಳೆದರೂ ಬರುವುದು ಒಣ ಗಾಳಿ. ಹಿಂದಿನ ಆಕ್ಸಲ್, ಮುಂದಿನ ಆಕ್ಸಲ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ನಾಲ್ಕಕ್ಕೂ ಹಾಕಿಸಿದೆ. ಸಾಮಾನಿಗೆ 640, ಕೂಲಿ ಬೇರೆ. ಅಣ್ಣ ಅರ್ಧ ದಿನದಲ್ಲಿ ಮುಗಿಸಿದ.

ಮೊದಲ ಸಲ ಒಂದು ತಪ್ಪಾಯಿತು. ಪೈಪನ್ನು ನೀಟಾಗಿ ಕಾಣಲಿ ಅಂತ ಎಳೆದು ಕಟ್ಟಿದ್ದೆವು. ಆಕ್ಸಲ್ ಹೊಂಡದಲ್ಲಿ ಏರಿಳಿಯುತ್ತದಲ್ಲ, ಎರಡನೇ ದಿನಕ್ಕೇ ನಿಪ್ಪಲಿನಿಂದ ಕಿತ್ತು ಬಂತು. ಒಂದು ಗೇಣು ಸಡಿಲ ಬಿಡಬೇಕು, ಸೈಲೆನ್ಸರಿನಿಂದ ದೂರ ಇರಬೇಕು. ಆಮೇಲೆ ನಾಲ್ಕು ಮಳೆಗಾಲ ಕಳೆಯಿತು. ಪ್ರತಿ ದೀಪಾವಳಿಗೆ ಡ್ರೈನ್ ಬೋಲ್ಟ್ ಬಿಚ್ಚಿ ನೋಡುತ್ತೇನೆ. ಆಯಿಲ್ ಕಪ್ಪಗೇ ಇದೆ.

ಪೈಪು ಹಾಕಿದರೆ ಎಲ್ಲ ಮುಗಿಯಿತು ಅಂತಲ್ಲ. ಈಗಲೂ ದಡದಲ್ಲಿ ಹತ್ತು ನಿಮಿಷ ನಿಂತು ಹೌಸಿಂಗ್ ತಣಿಯಲು ಬಿಡುತ್ತೇನೆ. ಅಷ್ಟರಲ್ಲಿ ಕೋಲು ಹಿಡಿದು ಒಮ್ಮೆ ನಡೆದು ನೋಡಿಯಾಗುತ್ತದೆ. ಮಳೆಗೆ ಕಲ್ಲು ಜಾಗ ಬದಲಿಸಿರುತ್ತದೆ. ನಮ್ಮ ಜೀಪಿನಲ್ಲಿ ಮುಂದಿನ ಚಕ್ರಕ್ಕೂ ಬಲ ಹೋಗಬೇಕಾದರೆ ಅದರ ನಡುವಿನ ಹಬ್ ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು, ಅದನ್ನು ಒಣ ನೆಲದಲ್ಲೇ ಮಾಡಿ. ಒಮ್ಮೆ ಮರೆತು, ಸೊಂಟದವರೆಗೆ ನೆನೆದು, ನೀರೊಳಗೆ ಕೈ ಹಾಕಿ ತಡಕಾಡಿದ್ದೇನೆ, ಮನೆಯವಳು ಸಂಕದ ಮೇಲೆ ನಿಂತು ನೋಡುತ್ತಿದ್ದಳು. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಜಾಸ್ತಿ, ವೇಗ ಕಡಿಮೆ), ಒಂದನೇ ಗೇರ್, ಮನುಷ್ಯ ನಡೆಯುವಷ್ಟು ವೇಗ, ಕ್ಲಚ್ ಮುಟ್ಟಬಾರದು. ಎಂಜಿನ್ ನೀರಲ್ಲಿ ನಿಂತರೆ ಕೀ ತಿರುಗಿಸಬಾರದು, ಎಳೆಸಿಕೊಂಡೇ ಬರಬೇಕು. ದಾಟಿದ ಮೇಲೆ ಬ್ರೇಕನ್ನು ಮೆಲ್ಲ ಒತ್ತಿಕೊಂಡು ನೂರಿನ್ನೂರು ಮೀಟರ್ ಹೋಗಿ. ಡ್ರಮ್ಮಿನಲ್ಲಿ ನೀರು ನಿಂತರೆ ಮೊದಲ ತಿರುವಿನಲ್ಲಿ ದೇವರು ಕಾಣುತ್ತಾನೆ.

ನನ್ನ ಲೆಕ್ಕ ಹೀಗೆ. ದಿನಾ ಮೊಣಕಾಲಿನ ನೀರು ದಾಟುವ ಹಳೆ ಜೀಪಿಗೆ ಪೈಪು, ಬೇರೆ ಯೋಚನೆಯೇ ಬೇಡ. ಮನೆ ಬಯಲಲ್ಲಿದ್ದು ನೆರೆ ಬಂದಾಗ ನಿಂತ ನೀರಿನಲ್ಲೇ ಹೊರಗೆ ಬರಬೇಕಾದವರು ಸ್ನಾರ್ಕೆಲ್ ನೋಡಬಹುದು, ಆದರೆ ಪೈಪು ಹಾಕಿಸಿದ ಮೇಲೆ. ವರ್ಷಕ್ಕೊಮ್ಮೆ ಸುಮ್ನೆ ಖುಷಿಗೆ ನೀರಿಗೆ ಇಳಿಯುವವರಿಗೆ ಟರ್ಪಾಲು ಸಾಕು. ಭಾವ ಇದನ್ನು ಒಪ್ಪುವುದಿಲ್ಲ. ಅವನು ಮಂಗಳೂರಿನಲ್ಲಿ ನಾಲ್ಕನೇ ಮಹಡಿಯಲ್ಲಿದ್ದಾನೆ.

ನನ್ನ ಸ್ನಾರ್ಕೆಲ್ ಮಾರಲು ನೋಡಿದೆ, ಮೂರು ಸಾವಿರಕ್ಕೂ ಯಾರೂ ಕೇಳಲಿಲ್ಲ. ತೆಗೆದರೆ ಮಡ್‌ಗಾರ್ಡಿನ ತೂತು ಕಾಣುತ್ತದೆ ಅಂತ ಹಾಗೇ ಬಿಟ್ಟಿದ್ದೇನೆ. ಮೊನ್ನೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದಾಗ ಹೆಗ್ಗಣ ಹಿಂದಿನ ಪೈಪನ್ನು ಕಡಿದಿದೆ. ನಾಳೆ ಪೇಟೆಯಿಂದ ಎರಡು ಮೀಟರ್ ತರಬೇಕು.